ಮೌಸ್ ಮುಟ್ಟದೆ, ಬೆರಳಿನ ಸನ್ನೆ ಮತ್ತು ಕಣ್ಣಿನ ನೋಟದಿಂದ ದಿನವಿಡೀ ಕಂಪ್ಯೂಟರಿನಲ್ಲಿ ಕೆಲಸ ಮಾಡಲು ಸಾಧ್ಯವೇ?

ಕರಡುಪ್ರತಿ ಅವರ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಪುಸ್ತಕಗಳ ಕರಡು ತಿದ್ದುವ ಕೆಲಸದಲ್ಲಿದ್ದೇನೆ. ಬಲ ಮಣಿಕಟ್ಟಿನ ಸ್ನಾಯುರಜ್ಜು ಊದಿಕೊಂಡಿರುವುದರಿಂದ ಕೆಲವು ತಿಂಗಳ ಕಾಲ ಮೌಸ್ ಹಿಡಿಯುವುದನ್ನು ಆದಷ್ಟು ಬಿಡಬೇಕೆಂದು ವೈದ್ಯರು ಹೇಳಿದ್ದಾರೆ. ಎಡಗೈ ಚೆನ್ನಾಗಿದೆ, ಅದರಿಂದ ಕೀಬೋರ್ಡಿನ ಕೆಲವು ಕೀಲಿಗಳನ್ನು ಒತ್ತಬಲ್ಲೆ.

ಈಗಾಗಲೇ ಎರಡು ದಾರಿಗಳನ್ನು ಪ್ರಯತ್ನಿಸಿ ನೋಡಿದ್ದೇನೆ. ವೆಬ್‌ಕ್ಯಾಮ್ ಎದುರು ತೋರುಬೆರಳನ್ನು ಎತ್ತಿ ಹಿಡಿದರೆ ಅದರ ಚಲನೆಗೆ ತಕ್ಕಂತೆ ಕರ್ಸರ್ ಸಾಗುವ ಉಚಿತ ತಂತ್ರಾಂಶ ಒಂದು. ಫೋನಿನಲ್ಲಿಯೇ ಬರುವ ಕಣ್ಣಿನ ನೋಟದ ನಿಯಂತ್ರಣ ಇನ್ನೊಂದು. ಮೊದಲನೆಯದರಲ್ಲಿ ಸ್ವಲ್ಪ ಹೊತ್ತಿಗೇ ಭುಜ ಸೋತು ಕೈ ನಡುಗತೊಡಗುತ್ತದೆ. ಎರಡನೆಯದರಲ್ಲಿ, ಓದಲೆಂದು ಒಂದೆಡೆ ದೃಷ್ಟಿ ನಿಲ್ಲಿಸಿದರೆ ಅಲ್ಲಿರುವುದು ಒತ್ತಿದಂತಾಗಿ ಬೇರೆ ಪುಟವೇ ತೆರೆದುಕೊಳ್ಳುತ್ತದೆ. ಓದುವುದೇ ನನ್ನ ವೃತ್ತಿಯಾದ್ದರಿಂದ ಇದನ್ನು ಸಣ್ಣ ತೊಂದರೆಯೆಂದು ತಳ್ಳಿಹಾಕಲಾರೆ.

ನೋಡುವುದನ್ನೂ ಆಜ್ಞೆ ಕೊಡುವುದನ್ನೂ ಯಂತ್ರವು ಬೇರೆಬೇರೆಯಾಗಿ ತಿಳಿಯುವಂತೆ ಮಾಡುವುದು ಹೇಗೆ? ಎರಡು ಅಕ್ಷರಗಳ ನಡುವೆ ಕರ್ಸರ್ ನಿಲ್ಲಿಸುವಷ್ಟು ನಿಖರತೆ ನೋಟದಿಂದ ದೊರೆಯುವುದೇ? ನಾನು ಪ್ರೋಗ್ರೆಸಿವ್ ಮಸೂರದ ಕನ್ನಡಕ ಹಾಕುತ್ತೇನೆ ಎಂಬುದನ್ನೂ ಗಮನಿಸಿ, ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಚುಕ್ಕಿಜಾಲ ಅವರ ಉತ್ತರ

ಕರಡುಪ್ರತಿ ಅವರೇ, ಕ್ಯಾಮೆರಾದ ಚಿತ್ರದಿಂದ ಕೈಯನ್ನು ಗುರುತಿಸುವ ತಂತ್ರಾಂಶಗಳ ಮೇಲೆ ನಾನು ಕೆಲಸ ಮಾಡುತ್ತೇನೆ. ಬೆರಳಿನ ಭಾಗಕ್ಕೆ ಮಾತ್ರ ಉತ್ತರಿಸುತ್ತೇನೆ. ಕಣ್ಣಿನ ವಿಷಯವನ್ನು ಬಲ್ಲವರು ಇಲ್ಲಿದ್ದಾರೆ.

ಭುಜ ಸೋಲುವುದಕ್ಕೆ ಕಾರಣ ನೀವಲ್ಲ, ಆ ತಂತ್ರಾಂಶದ ವಿನ್ಯಾಸ. ಆಸರೆಯಿಲ್ಲದೆ ಕೈಯನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದಾಗ ಇಡೀ ತೋಳಿನ ಭಾರವನ್ನು ಭುಜದ ಸ್ನಾಯುಗಳೇ ಹೊರಬೇಕಾಗುತ್ತದೆ. ನೆಟ್ಟಗೆ ನಿಲ್ಲಿಸಿದ ಟಚ್‌ಸ್ಕ್ರೀನ್‌ಗಳ ಕಾಲದಿಂದಲೂ ಪರಿಚಿತವಾಗಿರುವ ಈ ದಣಿವನ್ನು ನಮ್ಮ ಕ್ಷೇತ್ರದವರು ಗೊರಿಲ್ಲಾ ಆರ್ಮ್ ಎಂದು ಕರೆಯುತ್ತಾರೆ. ಗಾಳಿಯಲ್ಲಿ ಎತ್ತಿದ ಬೆರಳನ್ನು ಮೌಸಿನ ಬದಲಿಗೆ ಬಳಸುವ ಯಾವ ತಂತ್ರಾಂಶವೂ, ಅದರ ಗುರುತಿಸುವಿಕೆ ಎಷ್ಟೇ ಚುರುಕಾಗಿದ್ದರೂ, ದಿನವಿಡೀ ಮಾಡುವ ಕೆಲಸಕ್ಕೆ ಒದಗುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಬೆರಳುಗಳನ್ನು ಗುರುತಿಸುವ ತೊಡಕು ಬಹುಮಟ್ಟಿಗೆ ಬಗೆಹರಿದಿದೆ. 2010ರ ಕೊನೆಯಲ್ಲಿ ಬಂದ, ವೀಡಿಯೋ ಆಟದ ಯಂತ್ರಕ್ಕೆ ಜೋಡಿಸುವ ಕಿನೆಕ್ಟ್ ಎಂಬ ಕ್ಯಾಮೆರಾ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಚುಕ್ಕೆಗಳನ್ನು ಕೋಣೆಯೊಳಕ್ಕೆ ಚೆಲ್ಲಿ ಆಳವನ್ನು ಅಳೆಯುತ್ತಿತ್ತು. ಅದಕ್ಕೆ ದೇಹದ ಭಂಗಿ ತಿಳಿಯುತ್ತಿತ್ತೇ ಹೊರತು ಬೆರಳುಗಳ ಸೂಕ್ಷ್ಮ ಚಲನೆ ತಿಳಿಯುತ್ತಿರಲಿಲ್ಲ. 2013ರಲ್ಲಿ ಬಂದ ಲೀಪ್ ಮೋಷನ್ ಎಂಬ ಪುಟ್ಟ ಸಾಧನ, ಎರಡು ಕ್ಯಾಮೆರಾಗಳ ನೆರವಿನಿಂದ ಮೇಜಿನ ಮೇಲಿನ ಕೆಲವೇ ಅಡಿಗಳ ಜಾಗದಲ್ಲಿ ಬೆರಳುಗಳನ್ನು ಒಂದೊಂದಾಗಿ ಹಿಂಬಾಲಿಸಿತು. 2019ರಲ್ಲಿ ಗೂಗಲ್ ಹೊರತಂದ ಮೀಡಿಯಾಪೈಪ್ ಎಂಬ ತಂತ್ರಾಂಶಕ್ಕೆ ವಿಶೇಷ ಕ್ಯಾಮೆರಾವೇ ಬೇಡ: ಸಾಧಾರಣ ವೆಬ್‌ಕ್ಯಾಮಿನ ಚಿತ್ರದಿಂದಲೇ ಅದು ಒಂದು ಕೈಯ 21 ಬಿಂದುಗಳನ್ನು ಗುರುತಿಸುತ್ತದೆ. ನೀವು ಬಳಸಿದ ಉಚಿತ ತಂತ್ರಾಂಶವೂ ಇಂತಹುದೊಂದರ ಮೇಲೆ ನಿಂತಿರುವ ಸಾಧ್ಯತೆ ಹೆಚ್ಚು.

ನನ್ನ ಸಲಹೆ ಇಷ್ಟು: ಬೆರಳಿಗೆ ದಾರಿ ತೋರಿಸುವ ಕೆಲಸ ಕೊಡಬೇಡಿ, ಒಪ್ಪಿಗೆ ಸೂಚಿಸುವ ಕೆಲಸವನ್ನಷ್ಟೇ ಕೊಡಿ. ಎಡಗೈಯನ್ನು ಮೇಜಿನ ಮೇಲೆ ಒರಗಿಸಿಟ್ಟು, ಹೆಬ್ಬೆರಳಿಗೆ ತೋರುಬೆರಳನ್ನು ಮೆಲ್ಲಗೆ ತಾಗಿಸಿದರೆ ಕ್ಲಿಕ್ ಆಗಲಿ. ಗಾಳಿಯಲ್ಲಿ ಮಾಡುವ ಬಹುತೇಕ ಸನ್ನೆಗಳಲ್ಲಿ ಕೈಗೆ ಏನೂ ತಾಗುವುದಿಲ್ಲವಾದ್ದರಿಂದ, ಆಜ್ಞೆ ತಲುಪಿತೋ ಇಲ್ಲವೋ ಎಂದು ಪರದೆಯನ್ನು ನೋಡಿಯೇ ತಿಳಿಯಬೇಕಾಗುತ್ತದೆ. ಈ ಸನ್ನೆಯಲ್ಲಿ ಒಂದು ಬೆರಳಿಗೆ ಇನ್ನೊಂದು ತಾಗುವುದರಿಂದ ಒತ್ತಿದ ಅರಿವು ನಮ್ಮ ಚರ್ಮಕ್ಕೇ ಆಗುತ್ತದೆ. 2024ರಲ್ಲಿ ಮಾರುಕಟ್ಟೆಗೆ ಬಂದ, ಕಣ್ಣಿನ ಮುಂದೆ ತಲೆಗೆ ಧರಿಸುವ ಆಪಲ್ ವಿಷನ್ ಪ್ರೊ ಸಾಧನ ನಡೆಯುವುದು ಹೀಗೆಯೇ. ನೋಟ ಗುರಿಯನ್ನು ಆರಿಸುತ್ತದೆ, ಬೆರಳು ಒಪ್ಪಿಗೆ ಕೊಡುತ್ತದೆ. ಕೆಳಮುಖವಾಗಿ ನೋಡುವ ಕ್ಯಾಮೆರಾಗಳೂ ಅದರಲ್ಲಿರುವುದರಿಂದ ಕೈಯನ್ನು ತೊಡೆಯ ಮೇಲಿಂದ ಎತ್ತಬೇಕಾಗಿಲ್ಲ. ನಿಮ್ಮ ಮೇಜಿನಲ್ಲಿಯೂ ವೆಬ್‌ಕ್ಯಾಮನ್ನು ಮೇಲಿನಿಂದ ಕೆಳಕ್ಕೆ, ಎಡಗೈ ಕಾಣುವಂತೆ ತಿರುಗಿಸಿಕೊಂಡರೆ ಇದೇ ಅನುಕೂಲ ದೊರೆಯುತ್ತದೆ.

ತಂತ್ರಾಂಶದ ಸೆಟ್ಟಿಂಗ್‌ಗಳಲ್ಲಿ ಬೆರಳುಗಳ ಅಂತರಕ್ಕೆ ಎರಡು ಮಿತಿಗಳನ್ನು ಇಡಲು ಅವಕಾಶವಿದೆಯೇ ನೋಡಿ. ಕ್ಲಿಕ್ ಆರಂಭವಾಗಲು ಬೆರಳುಗಳು ತೀರ ಹತ್ತಿರ ಬರಬೇಕು, ಬಿಡುಗಡೆಯಾಗಲು ಸಾಕಷ್ಟು ದೂರ ಸರಿಯಬೇಕು. ಒಂದೇ ಮಿತಿ ಇದ್ದರೆ ಬೆರಳು ತುಸು ಅಲುಗಿದಾಗಲೆಲ್ಲ ಒಂದರ ಮೇಲೊಂದು ಕ್ಲಿಕ್ ಬೀಳುತ್ತದೆ. ಇನ್ನೊಂದು ಮಾತು: ಈ ಸನ್ನೆಯೂ ಸ್ನಾಯುರಜ್ಜುಗಳನ್ನೇ ಎಳೆಯುತ್ತದೆ. ಬಲಗೈ ನೋವನ್ನು ಎಡಗೈಗೆ ದಾಟಿಸಿಕೊಳ್ಳದಂತೆ, ತೋರುಬೆರಳಿನ ಜೊತೆಗೆ ನಡುಬೆರಳಿಗೂ ಅದೇ ಆಜ್ಞೆಯನ್ನು ಕೊಟ್ಟು ಆಗಾಗ ಬದಲಿಸುತ್ತಿರಿ.

ನೆರವುಸಾಧನ ಅವರ ಉತ್ತರ

ಚುಕ್ಕಿಜಾಲ ಅವರ ಮಾತನ್ನು ಒಪ್ಪುತ್ತೇನೆ. ಕೈಕಾಲು ಆಡದವರಿಗೆ ಕಣ್ಣಿನಿಂದ ನಡೆಯುವ ಸಂವಹನ ಸಾಧನಗಳನ್ನು ಹೊಂದಿಸಿಕೊಡುವ ಕೆಲಸ ನನ್ನದು. ಆದ್ದರಿಂದ ಎರಡನೆಯ ಭಾಗಕ್ಕೆ ಉತ್ತರಿಸುತ್ತೇನೆ.

ನಿಖರತೆಯ ಪ್ರಶ್ನೆಗೆ ನೇರವಾದ ಉತ್ತರ: ಸಾಮಾನ್ಯ ಗಾತ್ರದ ಪಠ್ಯದಲ್ಲಿ ಎರಡು ಅಕ್ಷರಗಳ ನಡುವೆ ಕರ್ಸರನ್ನು ನೋಟವೊಂದರಿಂದಲೇ ನಿಲ್ಲಿಸಲು ಆಗುವುದಿಲ್ಲ. ಇದಕ್ಕೆ ಅರ್ಧ ಕಾರಣ ಯಂತ್ರದ್ದು, ಅರ್ಧ ಕಾರಣ ಕಣ್ಣಿನದ್ದು. ಒಳ್ಳೆಯ ಸಾಧನ, ಸರಿಯಾದ ಕ್ಯಾಲಿಬ್ರೇಷನ್ (ಸಾಧನವನ್ನು ನಮ್ಮ ಕಣ್ಣಿಗೆ ಹೊಂದಿಸಿಕೊಳ್ಳುವುದು) ಎರಡೂ ಇದ್ದಾಗ ನೋಟದ ಕೋನದಲ್ಲಿ ದೋಷವು ಅರ್ಧದಿಂದ ಒಂದು ಡಿಗ್ರಿಯಷ್ಟಿರುತ್ತದೆ. 60 ಸೆಂಟಿಮೀಟರ್ ದೂರದ ಪರದೆಯ ಮೇಲೆ ಒಂದು ಡಿಗ್ರಿ ಎಂದರೆ ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು. ಅಷ್ಟರಲ್ಲಿ ಮುದ್ರಿತ ಪಠ್ಯದ ಎರಡು ಸಾಲುಗಳೇ ಅಡಗುತ್ತವೆ. ಇತ್ತ, ನಮಗೆ ಸ್ಪಷ್ಟ ನೋಟವನ್ನು ಕೊಡುವ, ಕಣ್ಣಿನ ಹಿಂಭಾಗದ ರೆಟಿನಾದ ನಡುಭಾಗವಾದ ಫೋವಿಯಾ ಕೂಡ ಒಂದೆರಡು ಡಿಗ್ರಿಯಷ್ಟು ಅಗಲದ್ದನ್ನು ಒಮ್ಮೆಗೇ ಹಿಡಿಯುವುದರಿಂದ, ಒಂದು ಅಕ್ಷರವನ್ನು ಓದಲು ಕಣ್ಣು ಅದರ ಮೇಲೆಯೇ ನೆಟ್ಟಿರಬೇಕೆಂಬ ನಿಯಮವಿಲ್ಲ. ನೆಟ್ಟ ನೋಟವೂ ನಿಶ್ಚಲವಲ್ಲ. ನಮಗೆ ಅರಿವಾಗದ ಸೂಕ್ಷ್ಮ ಅಲುಗಾಟ ಅದರಲ್ಲಿ ನಿರಂತರವಾಗಿರುತ್ತದೆ. ಕ್ಯಾಮೆರಾ ಎಷ್ಟೇ ಸುಧಾರಿಸಿದರೂ ಕಣ್ಣಿನ ಈ ಸ್ವಭಾವವನ್ನು ದಾಟಲಾಗದು.

ಸಾಧನದ ಆಯ್ಕೆಯ ಬಗೆಗೂ ಹೇಳುತ್ತೇನೆ. ಪರದೆಯ ಕೆಳಅಂಚಿಗೆ ಜೋಡಿಸುವ ಪಟ್ಟಿಯಂತಹ ಸಾಧನಗಳು ಕಣ್ಣಿನ ಮೇಲೆ ಇನ್‌ಫ್ರಾರೆಡ್ ಬೆಳಕನ್ನು ಬೀರುತ್ತವೆ. ಆ ಬೆಳಕು ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾದ ಮೇಲೆ ಒಂದು ಪುಟ್ಟ ಹೊಳಪು ಬಿಂದುವಾಗಿ ಪ್ರತಿಫಲಿಸುತ್ತದೆ. ಕಣ್ಣು ಹೊರಳಿದಾಗ ಪಾಪೆಯ ನಡುಬಿಂದು ಬಹಳ ಸರಿಯುತ್ತದೆ, ಹೊಳಪು ಬಿಂದು ಅಷ್ಟಾಗಿ ಸರಿಯುವುದಿಲ್ಲ. ಇವೆರಡರ ನಡುವಿನ ಅಂತರ ಮತ್ತು ದಿಕ್ಕುಗಳಿಂದ ನೋಟ ಎತ್ತ ಇದೆಯೆಂದು ಲೆಕ್ಕ ಹಾಕಲಾಗುತ್ತದೆ. ತಲೆ ಸ್ವಲ್ಪ ಅತ್ತಿತ್ತ ಸರಿದರೂ ಲೆಕ್ಕ ಕೆಡದಿರುವುದು ಈ ಹೊಳಪಿನಿಂದಾಗಿ. ಸಾಧಾರಣ ವೆಬ್‌ಕ್ಯಾಮಿಗೆ ಇದರ ಆಸರೆಯಿಲ್ಲ. ಅದು ಮುಖದ ಚಿತ್ರದಿಂದ ಊಹಿಸಬೇಕಾಗುತ್ತದೆ. ದೋಷ ಹಲವು ಸೆಂಟಿಮೀಟರುಗಳಷ್ಟಾಗಬಹುದು, ಕುಳಿತ ಭಂಗಿ ಬದಲಾದರೆ ಇನ್ನಷ್ಟು ಹೆಚ್ಚುತ್ತದೆ. ದೊಡ್ಡ ಗುಂಡಿಗಳಿರುವ ಪರದೆಗೆ ವೆಬ್‌ಕ್ಯಾಮ್ ನಡೆದೀತು, ಕರಡು ತಿದ್ದುವುದಕ್ಕೆ ನಡೆಯದು.

ಪ್ರೋಗ್ರೆಸಿವ್ ಮಸೂರ ಖಂಡಿತವಾಗಿಯೂ ಒಂದು ಅಡ್ಡಿ. ಮಸೂರದ ಶಕ್ತಿ ಮೇಲಿನಿಂದ ಕೆಳಗೆ ಬದಲಾಗುತ್ತ ಹೋಗುವುದರಿಂದ, ತಲೆಯನ್ನು ಎತ್ತಿ ಇಳಿಸಿದಾಗ ಕ್ಯಾಮೆರಾಕ್ಕೆ ಪಾಪೆ ಬೇರೆ ಬೇರೆ ರೀತಿಯಲ್ಲಿ ವಕ್ರವಾಗಿ ಕಾಣುತ್ತದೆ. ಪರದೆಯ ದೂರಕ್ಕೆಂದೇ ಮಾಡಿಸಿದ ಏಕಶಕ್ತಿಯ ಕನ್ನಡಕ ಹಾಕಿಕೊಂಡು ಕ್ಯಾಲಿಬ್ರೇಷನ್ ಮಾಡಿದರೆ ಫಲಿತಾಂಶ ಬಹಳ ಉತ್ತಮವಾಗುತ್ತದೆ. ಕಿಟಕಿಯ ಬಿಸಿಲು ಮುಖಕ್ಕೆ ಬೀಳದಂತೆ ಕುಳಿತುಕೊಳ್ಳಿ. ಸೂರ್ಯನ ಬೆಳಕಿನಲ್ಲಿ ಇನ್‌ಫ್ರಾರೆಡ್ ಹೇರಳವಾಗಿರುವುದರಿಂದ ಸಾಧನದ ಹೊಳಪು ಬಿಂದು ಅದರಲ್ಲಿ ಕಳೆದುಹೋಗುತ್ತದೆ.

ಓದಲು ನೋಡಿದ್ದು ಒತ್ತಿದಂತಾಗುವ ತೊಂದರೆಯನ್ನು ಸಂಶೋಧಕ ರಾಬರ್ಟ್ ಜೇಕಬ್ 1990ರ ಸುಮಾರಿಗೇ ಗುರುತಿಸಿ, ಮುಟ್ಟಿದ್ದೆಲ್ಲ ಚಿನ್ನವಾಗುತ್ತಿದ್ದ ಗ್ರೀಕ್ ಕಥೆಯ ಮೈಡಾಸ್ ರಾಜನ ಹೆಸರಿನಿಂದ ಕರೆದಿದ್ದರು. ಕಣ್ಣು ಮೂಲತಃ ಲೋಕದಿಂದ ಮಾಹಿತಿ ತರುವ ಇಂದ್ರಿಯ. ಅದಕ್ಕೇ ಆಜ್ಞೆ ಹೊರಡಿಸುವ ಕೆಲಸವನ್ನೂ ಹೊರಿಸಿದಾಗ ಈ ಗೊಂದಲ ಹುಟ್ಟುತ್ತದೆ. ನೋಟವನ್ನು ಇಷ್ಟು ಹೊತ್ತು ನಿಲ್ಲಿಸಿದರೆ ಕ್ಲಿಕ್ ಎಂದು ನಿಗದಿ ಮಾಡುವ ಡ್ವೆಲ್ ವಿಧಾನದಲ್ಲಿ ಸಾಮಾನ್ಯವಾಗಿ ಅರ್ಧದಿಂದ ಒಂದು ಸೆಕೆಂಡಿನ ಅವಧಿ ಇಡುತ್ತಾರೆ. ಓದುವಾಗ ಕಣ್ಣು ಒಂದೊಂದು ಕಡೆ ಸೆಕೆಂಡಿನ ಕಾಲು ಭಾಗದಷ್ಟೇ ನಿಂತು ಮುಂದಕ್ಕೆ ನೆಗೆಯುತ್ತದೆ, ನಿಜ. ಆದರೆ ಕರಡು ತಿದ್ದುವವರು ಅನುಮಾನ ಬಂದ ಪದದ ಮೇಲೆ ಅದಕ್ಕಿಂತ ಬಹಳ ಹೆಚ್ಚು ಹೊತ್ತು ನಿಲ್ಲುತ್ತಾರೆ. ಆದ್ದರಿಂದ ನಿಮ್ಮ ಕೆಲಸದಲ್ಲಿ ಡ್ವೆಲ್ ಅನ್ನು ಪೂರ್ತಿಯಾಗಿ ನಿಲ್ಲಿಸಿಬಿಡಿ.

ಹಾಗೆಂದು ಡ್ವೆಲ್ ಕೀಳೆಂದು ಯಾರೂ ತಿಳಿಯಬಾರದು. ಎಎಲ್‌ಎಸ್‌ನಂತಹ ನರರೋಗದಲ್ಲಿ ಬೆರಳೂ ನಾಲಿಗೆಯೂ ಸ್ತಬ್ಧವಾದ ಮೇಲೂ ಕಣ್ಣಿನ ಚಲನೆ ಹೆಚ್ಚಾಗಿ ಬಹುಕಾಲ ಉಳಿಯುತ್ತದೆ. ಅಂಥವರಿಗೆ ಒಪ್ಪಿಗೆ ಸೂಚಿಸಲು ಬೇರೆ ಅಂಗವೇ ಇಲ್ಲದಿರುವಾಗ, ನಿಂತ ನೋಟವೊಂದೇ ಮಾತಾಗುತ್ತದೆ. ಅವರಿಗಾಗಿ ಕ್ಲಿಕ್ಕೇ ಬೇಡದ ಬರವಣಿಗೆಯ ಕ್ರಮಗಳೂ ಬಂದಿವೆ. ಕೇಂಬ್ರಿಜ್‌ನ ಡೇವಿಡ್ ವಾರ್ಡ್ ಮತ್ತು ಡೇವಿಡ್ ಮೆಕೇ ರೂಪಿಸಿದ ಡ್ಯಾಷರ್‌ನಲ್ಲಿ ಅಕ್ಷರಗಳು ಬಲಗಡೆಯಿಂದ ಹರಿದು ಬರುತ್ತವೆ, ಬೇಕಾದ ಅಕ್ಷರದತ್ತ ನೋಡುತ್ತ ಹೋದರೆ ಅದು ಹಿಗ್ಗಿ ಪಠ್ಯದೊಳಕ್ಕೆ ಸೇರುತ್ತದೆ. ನಿಮಗೆ ಒಂದು ಕೈ ಇದೆ. ಅದನ್ನು ಬಳಸಿಕೊಳ್ಳಿ ಎಂಬುದಷ್ಟೇ ನನ್ನ ಮಾತಿನ ಅರ್ಥ.

ಕರಡುಪ್ರತಿ

ಇಬ್ಬರಿಗೂ ಕೃತಜ್ಞತೆಗಳು. ನೋಟ ಆರಿಸುವುದಕ್ಕೆ, ಬೆರಳು ಒಪ್ಪುವುದಕ್ಕೆ ಎಂಬುದು ಸ್ಪಷ್ಟವಾಯಿತು. ಆದರೆ ನೋಟದಿಂದ ಸಾಲಿನವರೆಗೆ ಮಾತ್ರ ತಲುಪಬಹುದು ಎಂದಾದರೆ, ಆ ಸಾಲಿನಿಂದ ಅಕ್ಷರದವರೆಗಿನ ದಾರಿಯನ್ನು ಹೇಗೆ ಕ್ರಮಿಸುವುದು? ನನಗೆ ದಿನಕ್ಕೆ ನೂರಾರು ಬಾರಿ ಬೇಕಾಗುವುದು ಅದೇ. ಜೊತೆಗೆ, ನಾನು ನೋಡಿದ್ದೆಲ್ಲವನ್ನೂ ದಾಖಲಿಸುವ ಸಾಧನವೊಂದು ಎದುರಿಗಿರುವುದರ ಬಗೆಗೂ ಆತಂಕವಿದೆ.

ಹತ್ತಿರದಗುರಿ ಅವರ ಉತ್ತರ

ಈ ಪ್ರಶ್ನೆಗೆ 1999ರಲ್ಲಿಯೇ ಒಂದು ಚೆಂದದ ಉತ್ತರ ಬಂದಿದೆ. ಐಬಿಎಂನ ಆಲ್ಮಡೆನ್ ಸಂಶೋಧನಾ ಕೇಂದ್ರದ ಶುಮಿನ್ ಝಾಯ್ ಮತ್ತು ಸಂಗಡಿಗರು ಮ್ಯಾಜಿಕ್ ಪಾಯಿಂಟಿಂಗ್ ಎಂಬ ಕ್ರಮವನ್ನು ಮಂಡಿಸಿದರು. ಅದರಲ್ಲಿ ನೋಟವು ಕರ್ಸರನ್ನು ಗುರಿಯ ಸುತ್ತಮುತ್ತಲಿಗೆ ನೆಗೆಸುತ್ತದೆ, ಉಳಿದ ಸಣ್ಣ ದೂರವನ್ನು ಕೈ ಕ್ರಮಿಸುತ್ತದೆ. ಪರದೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಎಳೆಯುವ ಆಯಾಸದ ಕೆಲಸವನ್ನು ಕಣ್ಣಿಗೆ ಬಿಟ್ಟು, ನಾಜೂಕಿನ ಕೆಲಸವನ್ನು ಮಾತ್ರ ಕೈಗೆ ಉಳಿಸಿಕೊಳ್ಳುವ ಈ ಹಂಚಿಕೆ ಇಂದಿಗೂ ನನಗೆ ತಿಳಿದಿರುವ ಅತ್ಯುತ್ತಮ ಹಂಚಿಕೆಯಾಗಿದೆ.

ಕರಡು ತಿದ್ದುವವರಿಗೆ ಆ ಸಣ್ಣ ದೂರವನ್ನು ಕ್ರಮಿಸಲು ಮೌಸ್ ಬೇಕಾಗಿಯೇ ಇಲ್ಲ, ಬಾಣದ ಕೀಲಿಗಳು ಸಾಕು. ಪದವನ್ನು ನೋಡಿ, ಬೆರಳು ಜೋಡಿಸಿ ಕರ್ಸರನ್ನು ಆ ಸಾಲಿನ ಹತ್ತಿರ ಇಳಿಸಿ. ನಂತರ ಮೇಲೆ ಕೆಳಗೆ ಹೋಗಲು ಬರಿಯ ಬಾಣದ ಕೀಲಿ, ಪದದಿಂದ ಪದಕ್ಕೆ ನೆಗೆಯಲು ವಿಂಡೋಸ್‌ನಲ್ಲಿ ಕಂಟ್ರೋಲ್ ಕೀಲಿಯೊಡನೆ ಎಡ ಬಲ ಬಾಣಗಳು. ಈ ಕೀಲಿಗಳು ಕೀಬೋರ್ಡಿನ ಬಲಗಡೆಯಲ್ಲಿರುವುದರಿಂದ, ಕೀಲಿಗಳ ಸ್ಥಾನ ಬದಲಿಸುವ ತಂತ್ರಾಂಶದ ನೆರವಿನಿಂದ ಅವನ್ನು ಎಡಗೈ ಬೆರಳುಗಳ ಕೆಳಗೆ ತಂದುಕೊಳ್ಳಿ. ಪುಟವನ್ನು ದೊಡ್ಡದಾಗಿಸಿ, ಸಾಲುಗಳ ನಡುವಿನ ಅಂತರವನ್ನು ಹೆಚ್ಚಿಸಿಕೊಂಡರೆ ನೋಟದ ದೋಷ ಒಂದೇ ಸಾಲಿನೊಳಗೆ ಉಳಿಯುತ್ತದೆ. ತಿದ್ದುವಾಗಿನ ವಿನ್ಯಾಸವನ್ನು ಅಚ್ಚಿಗೆ ಹೋಗುವ ಮುನ್ನ ಹಿಂದಿರುಗಿಸಬಹುದು. ಒಂದು ಎಚ್ಚರಿಕೆ: ಕರ್ಸರ್ ಸದಾ ನೋಟವನ್ನು ಹಿಂಬಾಲಿಸುವ ಸೆಟ್ಟಿಂಗ್ ಬೇಡ. ಅದು ಗುರಿಯಿಂದ ತುಸು ಪಕ್ಕಕ್ಕೆ ಕಾಣಿಸುವುದರಿಂದ ಕಣ್ಣು ಅದರತ್ತ ಹೊರಳುತ್ತದೆ, ಕರ್ಸರ್ ಇನ್ನಷ್ಟು ಪಕ್ಕಕ್ಕೆ ಸರಿಯುತ್ತದೆ, ಓದು ಅಲ್ಲಿಗೇ ಕೆಡುತ್ತದೆ. ಒಂದು ಕೀಲಿ ಒತ್ತಿದಾಗ ಅಥವಾ ಬೆರಳು ಜೋಡಿಸಿದಾಗ ಮಾತ್ರ ಕರ್ಸರ್ ನೆಗೆಯುವಂತಿರಲಿ.

ಮರೆಯಿರಲಿ ಅವರ ಉತ್ತರ

ದಾಖಲಾತಿಯ ಬಗೆಗಿನ ಆತಂಕ ಸಕಾರಣವಾದದ್ದು. ನೋಟವನ್ನು ನಾವು ಪೂರ್ತಿಯಾಗಿ ಇಚ್ಛೆಯಿಂದ ನಡೆಸುವುದಿಲ್ಲ. ಯಾವುದರ ಮೇಲೆ ಕಣ್ಣು ತಡೆದು ನಿಂತಿತು, ಪಾಪೆ ಯಾವಾಗ ಹಿಗ್ಗಿತು ಎಂಬುದರಿಂದ ನಾವು ಹೇಳಬಯಸದ ಆಸಕ್ತಿ, ದಣಿವುಗಳೂ ಹೊರಬೀಳುತ್ತವೆ. ಒತ್ತಿದ ಕ್ಲಿಕ್ಕಿನ ದಾಖಲೆಗೂ ಸುಮ್ಮನೆ ನೋಡಿದ್ದರ ದಾಖಲೆಗೂ ಬಹಳ ವ್ಯತ್ಯಾಸವಿದೆ. ವಿಷನ್ ಪ್ರೊ ಸಾಧನದಲ್ಲಿ ಬಳಕೆದಾರರು ಎಲ್ಲಿ ನೋಡುತ್ತಿದ್ದಾರೆಂಬ ಮಾಹಿತಿ ಆಪ್‌ಗಳಿಗೆ ಹೋಗುವುದಿಲ್ಲ. ಬೆರಳು ಜೋಡಿಸಿದಾಗ ಯಾವುದನ್ನು ಆರಿಸಿದರು ಎಂಬುದಷ್ಟೇ ಹೋಗುತ್ತದೆ. ಇದು ಎಲ್ಲ ಸಾಧನಗಳೂ ಅನುಸರಿಸಬೇಕಾದ ಕ್ರಮವೆಂದು ನಾನು ನಂಬುತ್ತೇನೆ. ಅಷ್ಟಾದರೂ 2024ರಲ್ಲಿ ಸಂಶೋಧಕರು, ಅದೇ ಸಾಧನದ ವೀಡಿಯೋ ಕರೆಗಳಲ್ಲಿ ಕಾಣುವ ಬಳಕೆದಾರರ ಕೃತಕ ಮುಖದ ಕಣ್ಣುಗಳನ್ನು ಗಮನಿಸಿಯೇ ಅವರು ನೋಟದಿಂದ ಟೈಪ್ ಮಾಡುತ್ತಿದ್ದುದನ್ನು ಊಹಿಸಬಹುದೆಂದು ತೋರಿಸಿದರು. ಕೀಬೋರ್ಡ್ ತೆರೆದಿರುವಾಗ ಆ ಮುಖವನ್ನು ತಡೆಹಿಡಿಯುವ ಮೂಲಕ ಆಪಲ್ ಆ ದಾರಿಯನ್ನು ಮುಚ್ಚಿತು.

ನೀವು ಕೊಳ್ಳುವ ಸಾಧನದ ಲೆಕ್ಕಾಚಾರವೆಲ್ಲ ನಿಮ್ಮ ಕಂಪ್ಯೂಟರಿನಲ್ಲಿಯೇ ನಡೆಯುತ್ತದೆಯೇ ಎಂದು ಮೊದಲು ವಿಚಾರಿಸಿ. ಇಂಟರ್ನೆಟ್ ಸಂಪರ್ಕ ಕಡಿದಾಗಲೂ ಅದು ಎಂದಿನಂತೆ ಕೆಲಸ ಮಾಡುತ್ತದೆಯೇ ಎಂದು ನೋಡುವುದು ಒಂದು ಸುಲಭದ ಪರೀಕ್ಷೆ. ಪ್ರಕಟವಾಗದ ಹಸ್ತಪ್ರತಿಗಳು ನಿಮ್ಮ ಕೈಯಲ್ಲಿರುವುದರಿಂದ, ಪರದೆಯ ಚಿತ್ರವನ್ನು ಹೊರಗೆ ಕಳುಹಿಸುವ ತಂತ್ರಾಂಶವನ್ನು ಯಾವ ಕಾರಣಕ್ಕೂ ಅಳವಡಿಸಿಕೊಳ್ಳಬೇಡಿ.

ಕರಡುಪ್ರತಿ

ಧನ್ಯವಾದಗಳು. ಕೊನೆಯದಾಗಿ ಒಂದು ಪ್ರಶ್ನೆ: ಬೆಳಗ್ಗೆ ಸರಿಯಾಗಿದ್ದ ಕ್ಯಾಲಿಬ್ರೇಷನ್ ಮಧ್ಯಾಹ್ನದ ಹೊತ್ತಿಗೆ ಜಾರುವುದೆಂದು ಓದಿದೆ. ಅದನ್ನು ದಿನಕ್ಕೆ ಹಲವು ಬಾರಿ ಮಾಡಬೇಕಾಗುತ್ತದೆಯೇ?

ನೆರವುಸಾಧನ ಅವರ ಉತ್ತರ

ಜಾರುವುದು ನಿಜ. ಕನ್ನಡಕ ಮೂಗಿನ ಮೇಲೆ ಇಳಿಯುವುದು, ಕುರ್ಚಿ ಹಿಂದೆ ಸರಿಯುವುದು, ಕೋಣೆಯ ಬೆಳಕು ಬದಲಾದಂತೆ ಪಾಪೆಯ ಗಾತ್ರ ಬದಲಾಗುವುದು, ದಣಿದ ರೆಪ್ಪೆಗಳು ಪಾಪೆಯ ಮೇಲ್ಭಾಗವನ್ನು ಮುಚ್ಚುವುದು, ಇವೆಲ್ಲವೂ ಕಾರಣಗಳೇ. ಐದು ಅಥವಾ ಒಂಬತ್ತು ಚುಕ್ಕೆಗಳನ್ನು ನೋಡುವ ಕ್ಯಾಲಿಬ್ರೇಷನ್ ಒಂದು ನಿಮಿಷದೊಳಗೆ ಮುಗಿಯುವುದರಿಂದ, ಊಟದ ವಿರಾಮದ ನಂತರ ಮತ್ತೊಮ್ಮೆ ಮಾಡುವುದನ್ನು ರೂಢಿಸಿಕೊಳ್ಳಿ. ಮಾಡುವ ಮುನ್ನ ಪರದೆಯ ನಾಲ್ಕು ಮೂಲೆಗಳನ್ನು ಒಂದೊಂದಾಗಿ ನೋಡಿ, ನೋಟವನ್ನು ತೋರಿಸುವ ಗುರುತು ಎಷ್ಟು ದೂರ ಬೀಳುತ್ತಿದೆಯೆಂದು ಗಮನಿಸಿ. ಎಲ್ಲ ಮೂಲೆಗಳಲ್ಲಿಯೂ ಒಂದೇ ದಿಕ್ಕಿಗೆ ಸರಿದಿದ್ದರೆ ಕುರ್ಚಿಯನ್ನೋ ಕನ್ನಡಕವನ್ನೋ ಮೊದಲಿನ ಜಾಗಕ್ಕೆ ತಂದರೆ ಬಹುಮಟ್ಟಿಗೆ ಸರಿಹೋಗುತ್ತದೆ. ಮೇಲಿನ ಮೂಲೆಗಳಲ್ಲಿ ಮಾತ್ರ ದೋಷವಿದ್ದರೆ ಪರದೆಯನ್ನು ತುಸು ತಗ್ಗಿಸಿ, ನಂತರ ಕ್ಯಾಲಿಬ್ರೇಷನ್ ಮಾಡಿ. ಪರದೆಯನ್ನು ಎವೆಯಿಕ್ಕದೆ ನೋಡುವಾಗ ಕಣ್ಣು ಒಣಗುತ್ತದೆ, ಕಾರ್ನಿಯಾದ ಹೊಳಪು ಬಿಂದುವೂ ಮಸುಕಾಗುತ್ತದೆ. ಆದ್ದರಿಂದ ಗುರುತು ಅಲುಗತೊಡಗಿದರೆ ಮೊದಲು ಕಣ್ಣು ಮುಚ್ಚಿ ಸ್ವಲ್ಪ ವಿರಾಮ ಕೊಡಿ, ಆಮೇಲೆ ಸೆಟ್ಟಿಂಗ್‌ಗಳಿಗೆ ಕೈಹಾಕಿ.