ಪದಚರ್ಚೆ: ಎಚ್‌ಐವಿ ಪಾಠದಲ್ಲಿ ‘ಸೋಂಕು’, ‘ಒತ್ತಡ’, ‘ಗಟ್ಟಿಯಾಗಿ ಹೇಳು’

ಪ್ರಶ್ನೆ

ನಮಸ್ಕಾರ. ಬೆಂಗಳೂರಿನ ಕನ್ನಡ ಮಾಧ್ಯಮ ಪ್ರೌಢಶಾಲೆಗಳ 8 ಮತ್ತು 9ನೇ ತರಗತಿಗೆ ಎಚ್‌ಐವಿ ತಡೆಯ ಬಗ್ಗೆ ಜೀವನ ಕೌಶಲದ ಪಾಠ ಮಾಡುವ ಶಿಕ್ಷಕರಿಗೆ ಒಂದು ಕೈಪಿಡಿ ಸಿದ್ಧವಾಗುತ್ತಿದೆ. ಕರಡಿನಲ್ಲಿರುವ ಕೆಲವು ಪದಗಳು ತರಗತಿಯಲ್ಲಿ ಕೈಕೊಡುತ್ತಿವೆ. ‘ಸೋಂಕು’ ಎಂದರೆ ಮಕ್ಕಳು ಮುಟ್ಟಿದರೆ ಬರುವ ರೋಗ ಎಂದುಕೊಳ್ಳುತ್ತಾರೆ. ‘ಲೈಂಗಿಕ ಸಂಪರ್ಕ’ ಎಂದರೆ ತರಗತಿಗೆ ತರಗತಿಯೇ ತಲೆ ತಗ್ಗಿಸುತ್ತದೆ. ಕೆಲವರಿಗೆ ಅರ್ಥವಾಗಿರುತ್ತದೆ, ಕೆಲವರಿಗೆ ಆಗಿರುವುದಿಲ್ಲ. ಯಾರಿಗೆ ಆಗಿಲ್ಲ ಎಂದು ತಿಳಿಯುವುದಿಲ್ಲ. ‘ಸಮವಯಸ್ಕರ ಒತ್ತಡ’, ‘ದೃಢ ನಿರಾಕರಣೆ’, ‘ಗವಾಕ್ಷಿ ಅವಧಿ’ ಇವಕ್ಕೂ ಬದಲಿ ಪದ ಬೇಕು. ‘ಕೌಶಲ’ ಸರಿಯೋ ‘ಕೌಶಲ್ಯ’ ಸರಿಯೋ ಎಂಬ ಜಗಳವೂ ಇದೆ. ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ

ಕೊನೆಯದನ್ನು ಮೊದಲು ಮುಗಿಸುತ್ತೇನೆ. ‘ಕೌಶಲ’, ‘ಕೌಶಲ್ಯ’ ಎರಡೂ ಬಳಕೆಯಲ್ಲಿವೆ. ಒಂದನ್ನು ಆರಿಸಿ ಕೈಪಿಡಿಯುದ್ದಕ್ಕೂ ಅದನ್ನೇ ಇಟ್ಟುಕೊಳ್ಳಿ. ಜೀವನ ಕೌಶಲದ ತರಬೇತಿ ಕೊಡುವ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಇರುವ ಊರಿನಲ್ಲಿ ‘ಜೀವನ ಕೌಶಲ’ ಶಿಕ್ಷಕರ ಕಿವಿಗೆ ಹೊಸದೇನಲ್ಲ. ಪೋಷಕರಿಗೆ ಮಾತ್ರ ‘ಕೌಶಲ’ ಎಂದೊಡನೆ ಹೊಲಿಗೆ, ಕಂಪ್ಯೂಟರ್, ಐಟಿಐ ನೆನಪಾಗುತ್ತದೆ. ಆದ್ದರಿಂದ ಪೋಷಕರ ಸಭೆಯ ಚೀಟಿಯಲ್ಲಿ ‘ಯೋಚಿಸುವುದು, ತೀರ್ಮಾನ ಮಾಡುವುದು, ಬೇಡವಾದದ್ದಕ್ಕೆ ಬೇಡ ಎನ್ನುವುದು’ ಎಂದು ಬಿಡಿಸಿ ಬರೆಯಿರಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಹತ್ತು ಕೌಶಲಗಳ ಪಟ್ಟಿಯನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿ ಪ್ರಯೋಜನವಿಲ್ಲ.

ಈಗ ‘ಸೋಂಕು’. ಇಲ್ಲಿ ಮಕ್ಕಳದು ತಪ್ಪಿಲ್ಲ. ‘ಸೋಂಕು’ ಕ್ರಿಯಾಪದದ ಮೂಲ ಅರ್ಥವೇ ತಾಕು, ಮುಟ್ಟು. ‘ಗಾಳಿ ಸೋಂಕಿತು’, ‘ಮೈ ಸೋಂಕಿತು’ ಎನ್ನುತ್ತೇವಲ್ಲ, ಅದೇ. ‘ಅಂಟುರೋಗ’ದಲ್ಲೂ ಅಂಟು ಇದೆ. ಭಾಷೆಯೇ ಮುಟ್ಟಿದರೆ ಬರುತ್ತದೆ ಎನ್ನುತ್ತಿರುವಾಗ, ‘ಎಚ್‌ಐವಿ ಸೋಂಕು ಮುಟ್ಟುವುದರಿಂದ ಹರಡುವುದಿಲ್ಲ’ ಎಂಬ ವಾಕ್ಯ ಮಗುವಿನ ತಲೆಯಲ್ಲಿ ನಿಲ್ಲುವುದು ಕಷ್ಟ. ಹಾಗೆಂದು ‘ಸೋಂಕು’ ಪದವನ್ನು ಬಿಡಲಾಗದು. ಆಸ್ಪತ್ರೆಯಲ್ಲಿ, ಪತ್ರಿಕೆಯಲ್ಲಿ ಅದೇ ಇದೆ. ಪಾಠದಲ್ಲಿ ಮಾತ್ರ ಮೊದಲ ಸಲ ಹೇಳುವಾಗ ‘ವೈರಸ್ ಒಬ್ಬರ ಮೈಯೊಳಗಿಂದ ಇನ್ನೊಬ್ಬರ ಮೈಯೊಳಗೆ ಹೋಗುವುದು’ ಎಂದು ಹೇಳಿ, ಆಮೇಲೆ ‘ಇದಕ್ಕೆ ಸೋಂಕು ಎನ್ನುತ್ತಾರೆ’ ಎನ್ನಿ. ‘ಮೈಯೊಳಗೆ’ ಎಂಬ ಮಾತು ಮುಖ್ಯ. ತಟ್ಟೆ, ಲೋಟ, ಎಂಜಲು, ಸೊಳ್ಳೆ, ಶೌಚಾಲಯ, ಒಂದೇ ಬೆಂಚು ಇವೆಲ್ಲ ಏಕೆ ಹರಡುವ ದಾರಿಗಳ ಪಟ್ಟಿಯಲ್ಲಿಲ್ಲ ಎಂಬುದಕ್ಕೆ ಉತ್ತರ ಆ ಒಂದೇ ಮಾತಿನಲ್ಲಿದೆ. ಸೊಳ್ಳೆಯ ಬಗ್ಗೆ ಮಕ್ಕಳು ಬಿಡದೆ ಕೇಳುತ್ತಾರೆ: ಸೊಳ್ಳೆಯ ದೇಹದಲ್ಲಿ ಈ ವೈರಸ್ ಬೆಳೆಯುವುದಿಲ್ಲ, ಕಚ್ಚುವಾಗ ಅದು ತಾನು ಹೀರಿದ ರಕ್ತವನ್ನು ಇನ್ನೊಬ್ಬರಿಗೆ ಚುಚ್ಚುವುದೂ ಇಲ್ಲ.

ಇದಕ್ಕೇ ಸಂಬಂಧಿಸಿದ ಇನ್ನೊಂದು ಮಾತು. ಒಬ್ಬರಿಂದೊಬ್ಬರಿಗೆ ಹರಡುವುದನ್ನು ತೋರಿಸಲು ಮಕ್ಕಳಿಂದ ಕೈಕುಲುಕಿಸುವ ಆಟವೊಂದು ತರಬೇತಿಗಳಲ್ಲಿ ಓಡಾಡುತ್ತಿದೆ. ನಿಮ್ಮ ಕರಡಿನಲ್ಲಿದ್ದರೆ ತೆಗೆದುಬಿಡಿ. ಹದಿನೈದು ನಿಮಿಷ ಕೈಕುಲುಕಿಸಿ ‘ಈಗ ಇಷ್ಟು ಜನಕ್ಕೆ ಬಂತು’ ಎಂದ ಮೇಲೆ, ಕೈಕುಲುಕಿದರೆ ಬರುವುದಿಲ್ಲ ಎಂದು ಎಷ್ಟು ಸಲ ಹೇಳಿದರೂ ಮಗುವಿನ ಕೈಗೆ ನೆನಪಿರುವುದು ಆಟವೇ.

‘ದೇಹದ ದ್ರವಗಳು’ ಎಂದೂ ಬರೆಯಬೇಡಿ. ಬೆವರು, ಕಣ್ಣೀರು, ಎಂಜಲು ಎಲ್ಲವೂ ಅದರೊಳಗೆ ಬಂದುಬಿಡುತ್ತವೆ. ರಕ್ತ, ವೀರ್ಯ, ಯೋನಿಸ್ರಾವ, ಗುದದ್ವಾರದ ಸ್ರಾವ, ಎದೆಹಾಲು ಎಂದು ಹೆಸರಿಸಿಯೇ ಹೇಳಬೇಕು. ‘ಲೈಂಗಿಕ ಸಂಪರ್ಕ’ದಲ್ಲಿರುವ ‘ಸಂಪರ್ಕ’ವನ್ನು ಮಕ್ಕಳು ದಿನವೂ ನೋಡುವುದು ‘ಹೆಚ್ಚಿನ ಮಾಹಿತಿಗೆ ಸಂಪರ್ಕಿಸಿ’ ಎಂಬ ಬೋರ್ಡಿನಲ್ಲಿ. ‘ಲೈಂಗಿಕ ಕ್ರಿಯೆ’ ವಾಸಿ. ‘ಅನೈತಿಕ ಸಂಬಂಧ’ ಮಾತ್ರ ಖಂಡಿತ ಬೇಡ. ವೈರಸ್ ನೀತಿಯನ್ನು ನೋಡಿ ಬರುವುದಿಲ್ಲ. ಕಾಂಡೋಮ್ ಇಲ್ಲದಿದ್ದರೆ ಗಂಡನಿಂದ ಹೆಂಡತಿಗೂ ಹೋಗಬಹುದು. ಅದಕ್ಕಿಂತ ಮುಖ್ಯವಾಗಿ, ನಿಮ್ಮ ತರಗತಿಯಲ್ಲೇ ಹುಟ್ಟಿನಿಂದ ಎಚ್‌ಐವಿ ಇರುವ ಮಗು ಕೂತಿರಬಹುದು, ಅಪ್ಪ ಅಮ್ಮನಿಗೆ ಇರುವ ಮಗು ಕೂತಿರಬಹುದು. ಅದು ಈ ಪದ ಕೇಳಿಸಿಕೊಂಡು ಮನೆಗೆ ಹೋಗಬಾರದು. ‘ತಾಯಿಯಿಂದ ಮಗುವಿಗೆ’ ಎಂದ ಕಡೆಯಲ್ಲೆಲ್ಲ, ‘ಗರ್ಭಿಣಿ ಇದ್ದಾಗಲೇ ಪರೀಕ್ಷೆ ಮಾಡಿಸಿ ಮಾತ್ರೆ ತೆಗೆದುಕೊಂಡರೆ ಹೆಚ್ಚಿನಂಶ ತಪ್ಪಿಸಬಹುದು’ ಎಂಬ ವಾಕ್ಯವನ್ನೂ ಜೊತೆಗೇ ಸೇರಿಸಿ.

ಜನರನ್ನು ಕರೆಯುವ ಪದಗಳಲ್ಲಿ ‘ಏಡ್ಸ್ ರೋಗಿ’, ‘ಪೀಡಿತ’, ‘ಬಲಿಪಶು’ ಬೇಡ. ‘ಎಚ್‌ಐವಿಯೊಂದಿಗೆ ಬದುಕುತ್ತಿರುವವರು’ ಸರಿಯಾದ ಭಾವನೆಯದೇ, ಆದರೆ ಮಾತಿನಲ್ಲಿ ಯಾರೂ ಹಾಗೆ ಹೇಳುವುದಿಲ್ಲ. ‘ಶುಗರ್ ಇರುವವರು’ ಎನ್ನುವಂತೆ ‘ಎಚ್‌ಐವಿ ಇರುವವರು’ ಸಾಕು. ‘ಏಡ್ಸ್ ಪರೀಕ್ಷೆ’ ಎಂಬುದೂ ತಪ್ಪು, ಅದು ಎಚ್‌ಐವಿ ಪರೀಕ್ಷೆ. ಏಡ್ಸ್ ಎಂಬುದು ಚಿಕಿತ್ಸೆ ಇಲ್ಲದೆ ವರ್ಷಗಳು ಕಳೆದು ರೋಗನಿರೋಧಕ ಶಕ್ತಿ ಕುಸಿದಾಗ ಬರುವ ಹಂತ. ಎಆರ್‌ಟಿ (ಎಚ್‌ಐವಿಯನ್ನು ಹತೋಟಿಯಲ್ಲಿಡುವ) ಮಾತ್ರೆ ತಪ್ಪದೆ ತೆಗೆದುಕೊಳ್ಳುವವರು ಆ ಹಂತಕ್ಕೆ ಹೋಗದೆಯೇ ಬಾಳಬಹುದು.

‘ಗವಾಕ್ಷಿ ಅವಧಿ’ಗೆ (ವಿಂಡೋ ಪೀರಿಯಡ್) ಬದಲಾಗಿ ‘ಪತ್ತೆಯಾಗದ ಅವಧಿ’ ಎಂದು ಬರೆಯಲು ಮನಸ್ಸಾಗುತ್ತದೆ. ಅಲ್ಲಿ ಎಚ್ಚರ ಬೇಕು. ಚಿಕಿತ್ಸೆಯಿಂದ ರಕ್ತದಲ್ಲಿ ವೈರಸ್ ‘ಪತ್ತೆಯಾಗದ ಮಟ್ಟ’ಕ್ಕೆ ಇಳಿದಿದೆ ಎಂದೂ ಹೇಳುತ್ತಾರೆ. ಎರಡೂ ತದ್ವಿರುದ್ಧ. ಮೊದಲನೆಯದರಲ್ಲಿ ವೈರಸ್ ಹೊಸದಾಗಿ ಹೊಕ್ಕಿದೆ, ಪರೀಕ್ಷೆ ‘ಇಲ್ಲ’ ಎನ್ನುತ್ತದೆ, ಇನ್ನೊಬ್ಬರಿಗೆ ಹರಡುವ ಸಾಧ್ಯತೆ ಜಾಸ್ತಿ. ಎರಡನೆಯದರಲ್ಲಿ ಮಾತ್ರೆ ನಿಲ್ಲಿಸದೆ ಅದೇ ಮಟ್ಟ ಉಳಿಸಿಕೊಂಡವರಿಂದ ಲೈಂಗಿಕ ಕ್ರಿಯೆಯ ಮೂಲಕ ಹರಡುವುದಿಲ್ಲ. ಎರಡಕ್ಕೂ ‘ಪತ್ತೆಯಾಗದ’ ಎಂಬ ಪದ ಬಿದ್ದರೆ ಶಿಕ್ಷಕರೇ ಉಲ್ಟಾ ಹೇಳಿಬಿಡುತ್ತಾರೆ. ಮೊದಲನೆಯದಕ್ಕೆ ‘ಪರೀಕ್ಷೆಗೆ ಇನ್ನೂ ಸಿಗದ ಅವಧಿ’ ಎನ್ನಬಹುದು. ಮಾಡುವ ಪರೀಕ್ಷೆಯನ್ನು ಅನುಸರಿಸಿ ಅದು ಕೆಲವು ವಾರಗಳಿಂದ 3 ತಿಂಗಳವರೆಗೆ. ಎರಡನೆಯದಕ್ಕೆ ‘ಅಳತೆಗೆ ಸಿಗದಷ್ಟು ಇಳಿದ ವೈರಸ್’. 8ನೇ ತರಗತಿಗೆ ಇವೆರಡೂ ಬೇಡ, ಶಿಕ್ಷಕರ ಟಿಪ್ಪಣಿಯಲ್ಲಿ ಇರಲಿ. ಅದರ ಪಕ್ಕದಲ್ಲೇ ಇದೂ ಇರಲಿ: ವೈರಸ್ ಮೈಯೊಳಗೆ ಹೊಕ್ಕಿರಬಹುದಾದಂಥ ಅಪಾಯ ನಡೆದಿದ್ದರೆ ಎಚ್‌ಐವಿ ತಡೆ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು, ಬೇಗ ಆದಷ್ಟೂ ಒಳ್ಳೆಯದು, 28 ದಿನ ತೆಗೆದುಕೊಳ್ಳಬೇಕು.

‘ಸಮವಯಸ್ಕರ ಒತ್ತಡ’ದ ತೊಂದರೆ ‘ಒತ್ತಡ’ದಲ್ಲಿದೆ. ಹತ್ತು ಕೌಶಲಗಳಲ್ಲಿ ‘ಒತ್ತಡ ನಿಭಾಯಿಸುವುದು’ ಬೇರೆಯೇ ಇದೆ, ಪರೀಕ್ಷೆಯ ಭಯದಂಥದ್ದು. ಗೆಳೆಯರು ಮಾಡುವುದು ಒತ್ತಾಯ. ‘ಓರಗೆಯವರ ಒತ್ತಾಯ’ ಎಂದರೆ ಹಳ್ಳಿಯಿಂದ ಬಂದ ಮಗುವಿಗೂ ತಿಳಿಯುತ್ತದೆ, ನಗರದ ಪೀಣ್ಯದ ಮಗುವಿಗೂ ತಿಳಿಯುತ್ತದೆ.

‘ದೃಢ ನಿರಾಕರಣೆ’ಯನ್ನು ಸುಲಭ ಮಾಡಲು ಹೋಗಿ ‘ಗಟ್ಟಿಯಾಗಿ ಬೇಡ ಎನ್ನಿ’ ಎಂದು ಬರೆಯುವವರಿದ್ದಾರೆ. ಶಾಲೆಯಲ್ಲಿ ‘ಗಟ್ಟಿಯಾಗಿ ಹೇಳು’ ಎಂದರೆ ಜೋರಾಗಿ ಹೇಳು ಎಂದೇ ಅರ್ಥ. ಪಾತ್ರಾಭಿನಯದಲ್ಲಿ ಮಕ್ಕಳು ಕಿರುಚುತ್ತಾರೆ, ಎದುರಿನವನು ಇನ್ನೂ ಜೋರಾಗಿ ಕಿರುಚುತ್ತಾನೆ, ಅಭ್ಯಾಸವಾಗುವುದು ಜಗಳ. ‘ಅಳುಕದೆ ಹೇಳು’ ಎಂದು ಬರೆಯಿರಿ. ಏನು ಹೇಳಬೇಕು ಎಂಬುದನ್ನೂ ಅವರ ಮಾತಿನಲ್ಲೇ ಕೊಡಿ. ಉದಾಹರಣೆಗೆ, ನಾಲ್ವರು ಹುಡುಗರು ಒಂದೇ ಸೂಜಿಯಲ್ಲಿ ಹಚ್ಚೆ ಹಾಕಿಸಿಕೊಳ್ಳಲು ಹೊರಟಿದ್ದಾರೆ:

‘ಬಾ ಮಗಾ, ಎಲ್ಲರೂ ಹಾಕಿಸ್ಕೊಳ್ತಿದೀವಿ, ನೀನೊಬ್ಬ ಹೆದರ್ತೀಯಾ?’
‘ಸೂಜಿ ಹೊಸದಾ? ಇಲ್ಲಾಂದ್ರೆ ನಂಗೆ ಬೇಡ.’
‘ಏನಾಗಲ್ಲ ಬಾರೋ.’
‘ಬೇಡ ಅಂದೆ ಕಣೋ. ನಾನು ಹೊರಟೆ, ಆಟ ಆಡೋದಾದ್ರೆ ನೀವೂ ಬನ್ನಿ.’

ಇದರಲ್ಲಿ ಕಾರಣವನ್ನು ಒಂದೇ ಸಲ ಹೇಳಿದೆ, ಬೇಡ ಎಂಬುದನ್ನು ಎರಡು ಸಲ ಹೇಳಿದೆ, ಜಾಗ ಬಿಟ್ಟು ಹೊರಟಿದೆ, ಗೆಳೆತನ ಬಿಟ್ಟಿಲ್ಲ. ಹೊಸ ಹೊಸ ಕಾರಣ ಕೊಡುತ್ತ ಹೋದರೆ ಎದುರಿನವರು ಒಂದೊಂದನ್ನೇ ಮುರಿಯುತ್ತಾರೆ, ಅದನ್ನು ಶಿಕ್ಷಕರು ತೋರಿಸಿಕೊಡಬೇಕು. ಹಚ್ಚೆಯಿಂದ ಶುರುಮಾಡಿ, ಪ್ರೀತಿ, ಮೊಬೈಲಿನಲ್ಲಿ ಫೋಟೊ ಕಳಿಸು ಎಂಬ ಒತ್ತಾಯ ಇವನ್ನೆಲ್ಲ ನಂತರದ ಪಾಠಗಳಿಗೆ ಇಟ್ಟುಕೊಳ್ಳಿ. 40 ನಿಮಿಷದ ಪೀರಿಯಡ್‌ನಲ್ಲಿ ಮಾಹಿತಿಗೆ 10 ನಿಮಿಷ ಸಾಕು. ಐದಾರು ಮಕ್ಕಳ ಗುಂಪುಗಳಲ್ಲಿ ಅಭಿನಯಕ್ಕೆ 15, ಮಾತುಕತೆಗೆ 15 ಬಿಡಿ. ವಿಶ್ವ ಏಡ್ಸ್ ದಿನವಾದ ಡಿಸೆಂಬರ್ 1ರಂದು ಇಡೀ ಶಾಲೆಯನ್ನು ಕೂರಿಸಿ ಒಂದು ಭಾಷಣ ಮಾಡಿಸಿದರೆ ಪದಗಳು ಕಿವಿಗೆ ಬೀಳುತ್ತವೆ, ಬಾಯಿಗೆ ಬರುವುದಿಲ್ಲ.

ನೀವು ಕೇಳದ ಒಂದು ಪದ: ‘ಗುಟ್ಟು’. ಮಕ್ಕಳು ಪ್ರಶ್ನೆಯನ್ನು ಚೀಟಿಯಲ್ಲಿ ಬರೆದು ಹಾಕುವ ಪ್ರಶ್ನೆ ಪೆಟ್ಟಿಗೆಯ ಪುಟದಲ್ಲಿ ‘ನಿಮ್ಮ ಗುಟ್ಟು ಯಾರಿಗೂ ಹೇಳುವುದಿಲ್ಲ’ ಎಂಬಂಥ ವಾಕ್ಯ ಬರುವುದುಂಟು. ಆ ಮಾತು ಕೊಡಲಾಗದು. ಚೀಟಿಯಲ್ಲಿ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದ ಸುಳಿವಿದ್ದರೆ 2012ರ ಪೋಕ್ಸೊ ಕಾಯ್ದೆಯಂತೆ ವರದಿ ಮಾಡಲೇಬೇಕು. ‘ಹೆಸರು ಬರೆಯಬೇಡಿ. ಯಾರು ಬರೆದದ್ದೆಂದು ಹುಡುಕುವುದಿಲ್ಲ. ಯಾರಿಗಾದರೂ ಅಪಾಯವಿದ್ದರೆ ಮಾತ್ರ ಸಹಾಯ ಮಾಡುವವರಿಗೆ ತಿಳಿಸುತ್ತೇವೆ’ ಎಂದು ಬರೆಯಿರಿ. ಚೀಟಿಗಳೆಲ್ಲ ಒಂದೇ ಅಳತೆಯವಿರಲಿ. ಪ್ರಶ್ನೆ ಇಲ್ಲದವರೂ ‘ಪ್ರಶ್ನೆ ಇಲ್ಲ’ ಎಂದು ಬರೆದು ಹಾಕಲಿ, ಆಗ ಬರೆದವರು ಯಾರೆಂದು ಯಾರೂ ಗುರುತಿಸಲಾರರು. ಅದೇ ದಿನ ಓದಬೇಡಿ, ಮುಂದಿನ ಪಾಠಕ್ಕೆ ಉತ್ತರ ಸಿದ್ಧಮಾಡಿಕೊಂಡು ಬನ್ನಿ.

‘ಗೋಪ್ಯತೆ’ ಎಂಬ ಪದವನ್ನು ಒಬ್ಬರಿಗೆ ಎಚ್‌ಐವಿ ಇದೆಯೋ ಇಲ್ಲವೋ ಎಂಬ ವಿಷಯಕ್ಕೆ ಉಳಿಸಿಕೊಳ್ಳಿ. 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಅದನ್ನು ಕಾಪಾಡುತ್ತದೆ, ಎಚ್‌ಐವಿ ಇದೆ ಎಂಬ ಕಾರಣಕ್ಕೆ ಶಾಲೆಯಲ್ಲಿ ತಾರತಮ್ಯ ಮಾಡುವುದನ್ನೂ ನಿಷೇಧಿಸುತ್ತದೆ. ಪುಟದ ಕೆಳಗೆ ಎರಡು ಉಚಿತ ಸಹಾಯವಾಣಿಗಳನ್ನು ದಪ್ಪಕ್ಷರದಲ್ಲಿ ಹಾಕಿ: ಎಚ್‌ಐವಿ ಬಗ್ಗೆ 1097, ಮಕ್ಕಳಿಗೆ 1098. ಎರಡರ ನಡುವೆ ಕೊನೆಯ ಅಂಕಿ ಒಂದೇ ವ್ಯತ್ಯಾಸ, ಅಚ್ಚಿಗೆ ಕಳಿಸುವ ಮುನ್ನ ಕರಡು ತಿದ್ದುವವರಿಗೆ ಇದನ್ನು ಬೇರೆಯಾಗಿಯೇ ಹೇಳಿಡಿ.