ಆಶ್ರಯ ಕೇಂದ್ರದಲ್ಲಿ ರಾತ್ರಿ ಪಾಳಿ: ಹೊಸಬರನ್ನು ಕರೆತಂದರೆ ಮೊದಲು ಏನು ಮಾಡಬೇಕು?

ರಾತ್ರಿಪಾಳಿ_ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಗರ ವಸತಿರಹಿತರ ಆಶ್ರಯ ಕೇಂದ್ರವೊಂದರಲ್ಲಿ ಕೇರ್‌ಟೇಕರ್ ಆಗಿ ಸೇರುತ್ತಿದ್ದೇನೆ. ಕಟ್ಟಡ ಪಾಲಿಕೆಯದು, ನಡೆಸುವುದು ಒಂದು ಸಂಸ್ಥೆ. ಗಂಡಸರಿಗೆ ಮಾತ್ರ, 50 ಹಾಸಿಗೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಒಬ್ಬನೇ ಇರಬೇಕು. ತರಬೇತಿ ಅಂತ ಹಾಜರಿ ಪುಸ್ತಕ ಬರೆಯುವುದನ್ನು ಹೇಳಿಕೊಟ್ಟಿದ್ದಾರೆ, ಅಷ್ಟೇ.

ತಿಳಿದವರು ದಯವಿಟ್ಟು ಹೇಳಿ. ಬಸ್ ಸ್ಟ್ಯಾಂಡಿನಿಂದಲೋ ರೈಲ್ವೆ ಸ್ಟೇಷನ್ನಿನಿಂದಲೋ ಪೊಲೀಸರು ಅಥವಾ ಸಾರ್ವಜನಿಕರು ಯಾರನ್ನಾದರೂ ಕರೆತಂದರೆ ಮೊದಲು ಸ್ನಾನವೋ, ಊಟವೋ, ಆಸ್ಪತ್ರೆಯೋ? ಕುಡಿದವರನ್ನು ಒಳಗೆ ಬಿಡಬೇಕಾ? ಮಾತು ಸರಿಯಾಗಿ ಆಡದವರು, ಕಾಗದಪತ್ರ ಏನೂ ಇಲ್ಲದವರು ಬಂದರೆ ರಿಜಿಸ್ಟರಿನಲ್ಲಿ ಏನು ಬರೆಯಲಿ? ಇನ್ನೊಂದು ವಿಷಯ, ಅಲ್ಲಿ ಈಗಾಗಲೇ ಹತ್ತಾರು ಜನಕ್ಕೆ ಕಜ್ಜಿ ಇದೆ. ಹರಡದ ಹಾಗೆ ತಡೆಯುವುದು ಹೇಗೆ?

ಸಿಸ್ಟರ್_ಮಂಡ್ಯ

ಸ್ನಾನ ಕೊನೆಗೆ. ಎಲ್ಲ ಕಡೆ ಇದೇ ತಲೆಕೆಳಗಾಗುವುದು, ವಾಸನೆ ಬರುತ್ತೆ ಅಂತ ಮೊದಲು ನಲ್ಲಿ ಕೆಳಗೆ ಕೂರಿಸಿಬಿಡುತ್ತಾರೆ. ಹಸಿದು ಸುಸ್ತಾದವರ ಮೇಲೆ ರಾತ್ರಿ ತಣ್ಣೀರು ಸುರಿದರೆ ಮೈ ಬಿಸಿ ಇಳಿದು ಕುಸಿದು ಬೀಳಬಹುದು.

ಬಾಗಿಲ ಹತ್ತಿರ ಬೆಳಕಿರುವ ಕಡೆ ಕೂರಿಸಿ ಐದು ನಿಮಿಷ ನೋಡಿ. ಹೆಸರು ಹಿಡಿದು ಕರೆದರೆ ತಿರುಗುತ್ತಾರಾ? ಎರಡೂ ಕೈ ಎತ್ತಲು ಆಗುತ್ತಾ, ಬಾಯಿ ಒಂದು ಕಡೆ ಸೊಟ್ಟಗಿದೆಯಾ? ತಲೆ, ಕಿವಿ, ಮೂಗಿನಲ್ಲಿ ರಕ್ತ? ಮೈ ಸುಡುತ್ತಿದೆಯಾ? ಕಾಲಿನ ಗಾಯಕ್ಕೆ ಕಟ್ಟಿದ ಬಟ್ಟೆ ಒಳಗೆ ಏನಿದೆ? ಇದರಲ್ಲಿ ಯಾವುದು ಕಂಡರೂ 108ಕ್ಕೆ ಫೋನ್ ಮಾಡಿ, ಹಾಸಿಗೆ ಕೊಡುವ ಮಾತು ಆಮೇಲೆ.

“ಕುಡಿದಿದ್ದಾನೆ, ಮಲಗಿ ಎದ್ದರೆ ಸರಿಹೋಗುತ್ತೆ” ಅನ್ನುವ ತೀರ್ಮಾನವೇ ಹೆಚ್ಚು ಅಪಾಯದ್ದು. ತಲೆಗೆ ಪೆಟ್ಟು, ಸಕ್ಕರೆ ಇಳಿದಿರುವುದು, ಫಿಟ್ಸ್ ಬಂದುಹೋದ ಮೇಲಿನ ಮಂಪರು, ಲಕ್ವ, ಎಲ್ಲವೂ ಹೊರಗಿನಿಂದ ಅಮಲಿನ ಹಾಗೇ ಕಾಣುತ್ತವೆ. ಬಾಯಲ್ಲಿ ಹೆಂಡದ ವಾಸನೆ ಇದ್ದರೂ ತಲೆಗೆ ಪೆಟ್ಟು ಬಿದ್ದಿರಬಹುದು. ರಕ್ತದ ಸಕ್ಕರೆ ನೋಡುವ ಒಂದು ಗ್ಲೂಕೋಮೀಟರ್ ಇಟ್ಟುಕೊಳ್ಳಿ, ಸ್ಟ್ರಿಪ್‌ಗಳ ಅವಧಿ ನೋಡಿಡಿ. ಅದರಲ್ಲಿ ಸಕ್ಕರೆ 70ಕ್ಕಿಂತ ಕಡಿಮೆ ಇದ್ದು, ಎಚ್ಚರವಿದ್ದು, ನುಂಗಲು ಆಗುವುದಾದರೆ ಅರ್ಧ ಲೋಟ ನೀರಿಗೆ ಮೂರು ಚಮಚ ಸಕ್ಕರೆ (ಸುಮಾರು 15 ಗ್ರಾಂ) ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, ಒಂದು ಮಗ್ಗುಲಿಗೆ ಮಲಗಿಸಿ, ಆಂಬುಲೆನ್ಸ್ ಬರುವವರೆಗೆ ಬಿಟ್ಟು ಹೋಗಬೇಡಿ.

ಗಾಯದಲ್ಲಿ ಹುಳ ಇದ್ದರೆ ಸೀಮೆಎಣ್ಣೆ, ಫಿನಾಯಿಲ್ ಸುರಿಯುವುದು ಬೇಡ, ಒಳ್ಳೆಯ ಮಾಂಸವೂ ಸುಟ್ಟುಹೋಗುತ್ತೆ. ಶುಭ್ರ ಬಟ್ಟೆ ಸಡಿಲವಾಗಿ ಮುಚ್ಚಿ ಆಸ್ಪತ್ರೆಗೆ ಕಳಿಸಿ. ಹುಳ ತೆಗೆಯುವುದು ಡ್ರೆಸ್ಸಿಂಗ್ ರೂಮಿನ ಕೆಲಸ, ಒಂದೇ ಸಲಕ್ಕೆ ಮುಗಿಯುವುದೂ ಇಲ್ಲ. ಟಿಟಿ ಇಂಜೆಕ್ಷನ್ ಹಾಕಿದರಾ ಅಂತ ಚೀಟಿಯಲ್ಲಿ ನೋಡಿಕೊಳ್ಳಿ.

ಊಟ: ದಿನಗಟ್ಟಲೆ ಏನೂ ತಿಂದಿಲ್ಲದವರಿಗೆ ತಟ್ಟೆ ತುಂಬ ಅನ್ನ ಸಾರು ಬಡಿಸುವುದು ಉಪಕಾರ ಅಲ್ಲ. ಹಸಿದ ದೇಹಕ್ಕೆ ಒಮ್ಮೆಲೇ ಅನ್ನ, ಸಕ್ಕರೆ ಬಿದ್ದರೆ ರಕ್ತದ ಲವಣಗಳು ಏರುಪೇರಾಗಿ ಹೃದಯಕ್ಕೇ ತೊಂದರೆ ಆಗಬಹುದು. ಸಣ್ಣ ಲೋಟದಲ್ಲಿ ತೆಳು ಗಂಜಿ, ಸ್ವಲ್ಪ ಸ್ವಲ್ಪವಾಗಿ, ನಡುವೆ ಬಿಡುವು ಕೊಟ್ಟು. ಎಲುಬು ಎದ್ದು ಕಾಣುವಷ್ಟು ಸೊರಗಿದ್ದರೆ, ಐದಾರು ದಿನದಿಂದ ಏನೂ ತಿಂದಿಲ್ಲ ಅಂತ ಗೊತ್ತಾದರೆ ಊಟ ಶುರುಮಾಡುವುದನ್ನು ಆಸ್ಪತ್ರೆಗೇ ಬಿಡಿ.

ಹುಬ್ಬಳ್ಳಿ_ಮಂದಿ

ಸಿಸ್ಟರ್ ಹೇಳಿದ್ದು ಖರೆ. ಕುಡದವರ ಬಗ್ಗೆ ಇನ್ನೊಂದು ಸೇರಸ್ತೀನ್ರಿ. ಮಂದಿ ಕುಡದು ಬಂದ ರಾತ್ರಿ ನೋಡ್ತಾರ, ಆದ್ರ ನೋಡಬೇಕಾದ್ದು ಬಿಟ್ಟ ಮ್ಯಾಲಿನ ದಿನಾ. ಕೇಂದ್ರದಾಗ ಕುಡಿಯೂ ಹಂಗಿಲ್ಲ ಅಂತ ನಿಯಮ ಇರ್ತದ, ಹಿಂಗಾಗಿ ದಿನಾ ಕುಡಿಯೋ ಮನಷ್ಯಾ ಒಮ್ಮಿಂದೊಮ್ಮೆಲೇ ಬಿಟ್ಟಂಗ ಆಗ್ತದ. ಮೊದಲ್ನೇ ದಿನಾನ ಕೈ ನಡುಗೂದು, ಬೆವರೂದು, ನಿದ್ದಿ ಬರದಿರೂದು ಶುರು. ಎರಡು ದಿನದ ಒಳಗ ಫಿಟ್ಸ್ ಬರಬಹುದು. ಎರಡು-ಮೂರನೇ ದಿನದ ಹೊತ್ತಿಗೆ ಗ್ವಾಡಿ ಮ್ಯಾಲ ಹುಳಾ ಕಾಣ್ತಾವ ಅಂತಾನ, ಯಾರೋ ಹೊಡ್ಯಾಕ ಬಂದಾರ ಅಂತ ಓಡ್ತಾನ. ಅವಾಗ “ಹುಚ್ಚ ಹಿಡೀತು” ಅಂತ ಕಟ್ಟಿ ಹಾಕಬ್ಯಾಡ್ರಿ, ಇದು ಜೀವಕ್ಕ ಕುತ್ತು ತರೂ ಸ್ಥಿತಿ, ಆಸ್ಪತ್ರಿಗೆ ಹೋಗಾಕಬೇಕು.

ಅದಕ್ಕ ಕರಕೊಂಡ ಕೂಡ್ಲೇ ಮೂರು ಮಾತು ಕೇಳಿ ಬರಕೋರಿ: ಕಡೀಗೆ ಕುಡದದ್ದು ಎಷ್ಟು ಹೊತ್ತಿಗೆ, ದಿನಾ ಎಷ್ಟು, ಹಿಂದ ಬಿಟ್ಟಾಗ ಫಿಟ್ಸ್ ಬಂದಿತ್ತೇನು. ಮೂರನೇದ್ದಕ್ಕ ಹೌದು ಅಂದ್ರ ಕಾಯಬ್ಯಾಡ್ರಿ, ಅವತ್ತ ಕಳಸ್ರಿ. ಡಾಕ್ಟರ್‌ಗೆ ಕುಡಿತದ ವಿಷಯ ಬಾಯಿಬಿಟ್ಟು ಹೇಳ್ರಿ. ಅಂಥವ್ರಿಗೆ ಗ್ಲೂಕೋಸ್ ಜೋಡಿ ಥಯಾಮಿನ್ (ವಿಟಮಿನ್ ಬಿ1) ಕೊಡಬೇಕಾಗ್ತದ, ನೀವು ಹೇಳದಿದ್ರ ಅವ್ರಿಗೆ ಹೆಂಗ ಗೊತ್ತಾಗಬೇಕು?

ಒಳಗ ಬಿಡಬೇಕೋ ಬ್ಯಾಡೋ ಅಂದ್ರಿ. ನಡದು ಬಂದಾನ, ಜಗಳ ಇಲ್ಲ ಅಂದ್ರ ಬಿಡ್ರಿ. ಬಾಟ್ಲಿ ಮಾತ್ರ ಹೊರಗ. ಹೊರಗ ಹಾಕಿದ್ರ ರಸ್ತೇದಾಗ ಮಲಗ್ತಾನ, ಲಾರಿ ಬರ್ತದ. ಮ್ಯಾಲಿನ ಮಂಚ ಕೊಡಬ್ಯಾಡ್ರಿ, ಕೆಳಗಿನದು, ನಿಮ್ಮ ಕುರ್ಚಿಗೆ ಕಾಣೂ ಹಂಗ.

ಮತ್ತ ಗಂಟು! ಹೊಲಸಾಗೇದ ಅಂತ ಅವ್ರ ಗಂಟು ಬೀಸಾಡಬ್ಯಾಡ್ರಿ. ನಮಗ ಕಸಾ ಕಂಡದ್ದು ಅವ್ರ ಮನಿ. ಊರಿನ ಸುಳಿವು ಇರೂದೂ ಅದರಾಗ: ಹಳೇ ಬಸ್ ಟಿಕೀಟು, ಗುಳಿಗಿ ಚೀಟಿ, ಟೇಲರ್ ಪಟ್ಟಿ ಹಚ್ಚಿದ ಅಂಗಿ. ಅಂಗೀ ಕಾಲರ್ ಒಳಗ ಟೇಲರ್ ಹೆಸರು, ಊರು ಇರ್ತದ ನೋಡ್ರಿ. ಅವ್ರ ಮುಂದನ ಬಿಚ್ಚಿ, ಪಟ್ಟಿ ಮಾಡಿ, ಅವ್ರ ಹೆಬ್ಬಟ್ಟು, ನಿಮ್ಮ ಸಹಿ, ಇನ್ನೊಬ್ಬ ನಿವಾಸಿ ಸಾಕ್ಷಿ ಸಹಿ ಹಾಕಿ ಚೀಲದಾಗ ಕಟ್ಟಿಡ್ರಿ. ರೊಕ್ಕ ಇದ್ರ ನೋಟು ಎಷ್ಟು, ಚಿಲ್ಲರೆ ಎಷ್ಟು ಅಂತ ಬ್ಯಾರೆ ಬ್ಯಾರೆ ಬರೀರಿ. ನಿಮ್ಮ ಕಿಸೇದಾಗ ಒಂದು ರಾತ್ರಿನೂ ಇಟ್ಕೋಬ್ಯಾಡ್ರಿ.

ಕಾಗದಪತ್ರ

ದಾಖಲೆ ಮತ್ತು ಕಾನೂನಿನ ಭಾಗಕ್ಕೆ ನಾನು ಬರುತ್ತೇನೆ.

ಮಾನಸಿಕ ಕಾಯಿಲೆ ಇರುವ ಹಾಗೆ ಕಾಣುವ, ಬೀದಿಯಲ್ಲಿ ಅಲೆಯುವ ವ್ಯಕ್ತಿಯನ್ನು ಪೊಲೀಸರು ನೇರವಾಗಿ ನಿಮ್ಮ ಬಾಗಿಲಿಗೆ ತಂದು ಬಿಟ್ಟು ಹೋಗುವುದು ಸರಿಯಾದ ಕ್ರಮ ಅಲ್ಲ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ ಸೆಕ್ಷನ್ 100 ಹೇಳುವ ದಾರಿ ಬೇರೆ. ಠಾಣಾಧಿಕಾರಿ ಅವರನ್ನು ರಕ್ಷಣೆಗೆ ತೆಗೆದುಕೊಳ್ಳಬೇಕು, ಲಾಕಪ್ಪಿನಲ್ಲಿ ಇಡುವಂತಿಲ್ಲ, 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಪರೀಕ್ಷೆಗೆ ಕರೆದೊಯ್ಯಬೇಕು. ದಾಖಲಿಸುವ ಅಗತ್ಯ ಇಲ್ಲ ಅಂತ ವೈದ್ಯರು ಹೇಳಿದರೆ ಮನೆಗೆ, ಮನೆ ಇಲ್ಲದವರಾದರೆ ಸರ್ಕಾರದ ನಿರಾಶ್ರಿತರ ಕೇಂದ್ರಕ್ಕೆ. ಅಂದರೆ ನಿಮ್ಮ ಸರದಿ ಬರುವುದು ಆಸ್ಪತ್ರೆ ಆದ ಮೇಲೆ. ಅಂಥವರ ಬಗ್ಗೆ ಕಾಣೆಯಾದವರ ಎಫ್‌ಐಆರ್ ದಾಖಲಿಸಬೇಕು, ಮನೆಯವರನ್ನು ಹುಡುಕುವುದು ಠಾಣೆಯ ಹೊಣೆ, ಇದೂ ಅದೇ ಸೆಕ್ಷನ್ನಿನಲ್ಲಿದೆ.

ರಾತ್ರಿ ಹನ್ನೆರಡಕ್ಕೆ ಪೇದೆಯ ಜೊತೆ ಕಾನೂನು ವಾದ ಮಾಡಲು ಆಗುವುದಿಲ್ಲ, ಒಪ್ಪುತ್ತೇನೆ. ಆದರೆ ಒಂದು ಬಿಳಿ ಹಾಳೆಯಲ್ಲಾದರೂ ಬರೆಸಿಕೊಳ್ಳಿ: ಯಾವ ಠಾಣೆ, ತಂದವರ ಹೆಸರು ಮತ್ತು ಬಕಲ್ ನಂಬರ್ (ಪೊಲೀಸ್ ಸಿಬ್ಬಂದಿಯ ಗುರುತಿನ ಸಂಖ್ಯೆ), ಸಿಕ್ಕಿದ ಜಾಗ, ಸಮಯ, ಆಗ ಮೈಮೇಲಿದ್ದ ಗಾಯಗಳು. ಗಾಯದ ಸಾಲು ಬಿಟ್ಟರೆ ನಾಳೆ ಆ ಬಾಸುಂಡೆ ನಿಮ್ಮ ಕೇಂದ್ರದಲ್ಲಿ ಆದದ್ದು ಅಂತಾಗುತ್ತದೆ. ಸಾರ್ವಜನಿಕರು ತಂದರೆ ಅವರ ಫೋನ್ ನಂಬರ್ ಪಡೆದು 112ಕ್ಕೆ ತಿಳಿಸಿ.

ರಿಜಿಸ್ಟರಿನಲ್ಲಿ “ಅನಾಮಧೇಯ, ಹುಚ್ಚ” ಅಂತ ಬರೆಯಬೇಡಿ. ಹೆಸರು ಹೇಳದಿದ್ದರೆ “ಹೆಸರು ತಿಳಿಸಿಲ್ಲ”, ಅಂದಾಜು ವಯಸ್ಸು, ಎತ್ತರ, ಹಚ್ಚೆ, ಮಚ್ಚೆ, ತೊಟ್ಟ ಬಟ್ಟೆ, ಆಡಿದ ಒಂದೆರಡು ಮಾತು ಅವರು ಆಡಿದ ಹಾಗೇ. ನಿಮಗೆ ಅರ್ಥವಾಗದ ಭಾಷೆ ಆದರೂ ಕೇಳಿಸಿದಂತೆ ಕನ್ನಡ ಲಿಪಿಯಲ್ಲಿ ಬರೆದಿಡಿ, ಮರುದಿನ ಒಡಿಯಾ, ಬಂಗಾಳಿ ಬಲ್ಲ ಕೂಲಿ ಕಾರ್ಮಿಕರು ಯಾರಾದರೂ ನೋಡಿ ಹೇಳಿಯಾರು. “ಯಾವ ರಾಜ್ಯ?” ಅಂದರೆ ಉತ್ತರ ಬಾರದವರು “ನಿಮ್ಮೂರ ಸಂತೆ ಯಾವತ್ತು, ಪೊಲೀಸ್ ಠಾಣೆ ಯಾವ ಊರಲ್ಲಿ, ಬಸ್ ಎಲ್ಲಿಗೆ ಹೋಗುತ್ತೆ” ಅಂದರೆ ಬಾಯಿ ಬಿಡುತ್ತಾರೆ.

ಆಧಾರ್ ಇಲ್ಲ ಅಂತ ರಾತ್ರಿ ವಾಪಸ್ ಕಳಿಸಬೇಡಿ. ಕಳೆದುಕೊಂಡವರಿಗೆ ಹೊಸದು ಮಾಡಿಸಲು ಹೋದರೆ ಬೆರಳಚ್ಚು ಹಳೆಯದಕ್ಕೆ ಹೊಂದಿ ಅರ್ಜಿ ತಿರಸ್ಕೃತವಾಗುತ್ತದೆ. ಬೇಸರ ಬೇಡ, ಇದು ಒಳ್ಳೆಯ ಸುದ್ದಿ: ಆ ವ್ಯಕ್ತಿಗೆ ಎಲ್ಲೋ ಒಂದು ವಿಳಾಸ ಇದೆ ಅಂತ ಆಯಿತು. ದೇಶದಲ್ಲಿ ಕಾಣೆಯಾದ ಎಷ್ಟೋ ಜನ ಮನೆ ಸೇರಿದ್ದು ಈ ದಾರಿಯಿಂದಲೇ. ಮ್ಯಾನೇಜರ್ ಮೂಲಕ ಆಧಾರ್ ಸಹಾಯವಾಣಿ 1947 ಅಥವಾ ಆಧಾರ್ ಕೇಂದ್ರದಲ್ಲಿ ಮುಂದುವರಿಸಿ. ಅಂದಾಜಿನ ಹೆಸರು ಹಾಕಿ ಹೊಸ ಕಾಗದ ಹುಟ್ಟಿಸಬೇಡಿ, ಪಿಂಚಣಿಯ ಹೊತ್ತಿಗೆ ಅದೇ ಉರುಳು.

18 ತುಂಬದ ಹುಡುಗ ಬಂದರೆ ಗಂಡಸರ ಹಾಲಿನಲ್ಲಿ ಮಲಗಿಸುವುದೇ ಬೇಡ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ಕಚೇರಿ ಕೋಣೆಯಲ್ಲಿ ನಿಮ್ಮ ಕಣ್ಣೆದುರು ಕೂರಿಸಿಕೊಳ್ಳಿ. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಮಗು ಸಿಕ್ಕಿದ್ದನ್ನು ತಿಳಿಸದೆ ಇಟ್ಟುಕೊಂಡರೆ ಬಾಲನ್ಯಾಯ ಕಾಯ್ದೆ 2015ರ ಪ್ರಕಾರ ಆರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ.

ಕಡೆಯದಾಗಿ ಫೋಟೋ. ಗಡ್ಡ ಬೋಳಿಸುವ ಮುಂಚೆ, ಬೋಳಿಸಿದ ಮೇಲೆ ಅಂತ ಎರಡು ಚಿತ್ರ ಜೋಡಿಸಿ ಹರಿಬಿಡುವ ಚಟ ಈಗ ವಿಪರೀತ. ಪೊಲೀಸರಿಗೆ ಗುರುತಿಗಾಗಿ ಒಂದು ಫೋಟೋ ಬೇಕು, ಅದು ಫೈಲಿನಲ್ಲಿರಲಿ. ದಾನಿಗಳ ವಾಟ್ಸಾಪ್ ಗುಂಪಿಗೆ ಬೇಡ. ತಲೆಕೂದಲೂ ಅಷ್ಟೇ, ಕೇಳದೆ ಕತ್ತರಿ ಹಾಕಬೇಡಿ. ಜಟೆ ಬಿಟ್ಟವರು ಹರಕೆ ಹೊತ್ತವರಿರಬಹುದು.

ಸಿಸ್ಟರ್_ಮಂಡ್ಯ

ಕಜ್ಜಿ ಬಾಕಿ ಉಳಿಯಿತು. ಬೆರಳ ಸಂದು, ಮಣಿಕಟ್ಟು, ಸೊಂಟ, ತೊಡೆಸಂದಿನಲ್ಲಿ ಗುಳ್ಳೆ, ರಾತ್ರಿ ತುರಿಕೆ ಜಾಸ್ತಿ ಅಂದರೆ ಬಹುಮಟ್ಟಿಗೆ ಸ್ಕೇಬಿಸ್. ಡಾಕ್ಟರು ಖಚಿತಪಡಿಸಲಿ. ಸಾಮಾನ್ಯವಾಗಿ ಬರೆಯುವುದು ಪರ್ಮೆಥ್ರಿನ್ 5% ಕ್ರೀಮು.

ಕೇಂದ್ರಗಳಲ್ಲಿ ಕಜ್ಜಿ ಹೋಗದಿರಲು ಕಾರಣ ಔಷಧವಲ್ಲ, ಹಚ್ಚುವ ರೀತಿ. ತುರಿಕೆ ಇದ್ದ ಹತ್ತು ಜನಕ್ಕೆ ಮಾತ್ರ, ತುರಿಸುವ ಜಾಗಕ್ಕೆ ಮಾತ್ರ ಹಚ್ಚುತ್ತಾರೆ. ಹುಳು ಮೈಗೆ ಬಂದು ತುರಿಕೆ ಶುರುವಾಗಲು ನಾಲ್ಕರಿಂದ ಆರು ವಾರ ಹಿಡಿಯಬಹುದು, ಅಷ್ಟರಲ್ಲಿ ಪಕ್ಕದ ಮಂಚಕ್ಕೆ ಹೋಗಿರುತ್ತೆ. ಹಾಗಾಗಿ ಒಂದೇ ರಾತ್ರಿ ಎಲ್ಲರಿಗೂ, ಕೇರ್‌ಟೇಕರ್ ಮತ್ತು ಅಡುಗೆಯವರಿಗೂ. ಕುತ್ತಿಗೆಯಿಂದ ಅಂಗಾಲಿನವರೆಗೆ, ಉಗುರಿನ ಕೆಳಗೆ, ಹೊಕ್ಕುಳು, ಜನನಾಂಗ, ಬೆನ್ನು ಸೇರಿ. ಬೆನ್ನಿಗೆ ಇನ್ನೊಬ್ಬರು ಕೈಗವಸು ಹಾಕಿ ಹಚ್ಚಬೇಕು. ರಾತ್ರಿ 9ಕ್ಕೆ ಹಚ್ಚಿದರೆ ಬೆಳಿಗ್ಗೆ 7ಕ್ಕೆ ಸ್ನಾನ (8ರಿಂದ 14 ಗಂಟೆ ಇರಬೇಕು). ನಡುವೆ ಕೈ ತೊಳೆದರೆ ಕೈಗೆ ಮತ್ತೆ ಹಚ್ಚಿ, ಆದ್ದರಿಂದ ಊಟ ಮೊದಲೇ ಮುಗಿಸಿಬಿಡಿ. ವಾರ ಬಿಟ್ಟು ಮತ್ತೊಂದು ಸಲ.

ಲೆಕ್ಕ ಮೊದಲೇ ಹಾಕಿ: ಒಬ್ಬರಿಗೆ ಒಂದು ಸಲಕ್ಕೆ 30 ಗ್ರಾಂ ಹಿಡಿದರೆ 50 ಜನಕ್ಕೆ ಎರಡು ಸಲಕ್ಕೆ 3 ಕಿಲೋ, ಅಂದರೆ 30 ಗ್ರಾಮಿನ ಟ್ಯೂಬ್ 100. ಇದನ್ನು ಪತ್ರದಲ್ಲಿ ಬರೆದು ನಗರ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕೊಡಿ, ಬಾಯಲ್ಲಿ ಕೇಳಿದರೆ ಹತ್ತು ಟ್ಯೂಬ್ ಕೊಟ್ಟು ಕಳಿಸುತ್ತಾರೆ.

ಹೊದಿಕೆ, ಬಟ್ಟೆ ಅದೇ ಬೆಳಿಗ್ಗೆ ಬಿಸಿನೀರಿಗೆ. ಒಗೆಯಲಾಗದ ರಗ್ಗನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಂದು ವಾರ ಇಡಿ, ಮನುಷ್ಯರ ಮೈ ಸಿಗದೆ ಹುಳು ಎರಡು-ಮೂರು ದಿನಕ್ಕಿಂತ ಹೆಚ್ಚು ಬದುಕುವುದು ಕಷ್ಟ. ಹುಳು ಸತ್ತ ಮೇಲೂ ತುರಿಕೆ ಎರಡರಿಂದ ನಾಲ್ಕು ವಾರ ಇರುತ್ತೆ, “ಔಷಧಿ ಕೆಲಸ ಮಾಡಲಿಲ್ಲ” ಅಂತ ದಿನಾ ಹಚ್ಚಿದರೆ ಚರ್ಮ ಉರಿದು ಇನ್ನಷ್ಟು ತುರಿಸುತ್ತೆ. ಕೈಕಾಲಿನಲ್ಲಿ ದಪ್ಪ ಹಕ್ಕಳೆ ಕಟ್ಟಿದವರಿದ್ದರೆ ಅವರನ್ನು ಬೇರೆ ಇರಿಸಿ, ಅವರ ಮೈಯಲ್ಲಿ ಹುಳು ಸಾವಿರಗಟ್ಟಲೆ ಇರುತ್ತವೆ, ಕ್ರೀಮೊಂದೇ ಸಾಲದು.

ಎರಡು ವಾರ ದಾಟಿದ ಕೆಮ್ಮು ಇರುವವರಿಗೆ ಕಿಟಕಿ ಪಕ್ಕದ ಮಂಚ, ಮಾಸ್ಕ್, ಬೆಳಿಗ್ಗೆ ಕಫ ಪರೀಕ್ಷೆ. ಟಿಬಿ ಅಂತ ಗೊತ್ತಾದರೂ ಹೊರಗೆ ಕಳಿಸಬೇಡಿ, ಬೀದಿಗೆ ಹೋದರೆ ಮಾತ್ರೆ ನಿಲ್ಲುತ್ತೆ. ಟಿಬಿ ರೋಗಿಗಳ ಪೌಷ್ಟಿಕ ಆಹಾರಕ್ಕೆ ಸರ್ಕಾರ ಹಣ ಕೊಡುವ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ತಿಂಗಳಿಗೆ 1,000 ರೂಪಾಯಿ ಬರುವುದು ಬ್ಯಾಂಕ್ ಖಾತೆಗೆ, ಆದ್ದರಿಂದ ಖಾತೆ ತೆರೆಸುವುದನ್ನೂ ಚಿಕಿತ್ಸೆಯ ಜೊತೆಗೇ ಶುರುಮಾಡಿಸಿ.

ರಾತ್ರಿಪಾಳಿ_ದಾವಣಗೆರೆ

ಸಿಸ್ಟರ್, ಹುಬ್ಬಳ್ಳಿ ಅಣ್ಣ, ಕಾಗದಪತ್ರ ಸರ್, ಎಲ್ಲ ಬರೆದಿಟ್ಟುಕೊಂಡೆ. ಇನ್ನೊಂದೇ ಪ್ರಶ್ನೆ. ಯಾರಾದರೂ ರೇಗಿ ಕೂಗಾಡಲು ಶುರುಮಾಡಿದರೆ, ನಾನೊಬ್ಬನೇ ಇದ್ದಾಗ?

ಹುಬ್ಬಳ್ಳಿ_ಮಂದಿ

ಬಾಗಲಾ ನಿಮ್ಮ ಬೆನ್ನ ಹಿಂದ ಇರೂ ಹಂಗ ನಿಲ್ರಿ, ಆದ್ರ ಅವ್ರ ದಾರಿ ಕಟ್ಟಬ್ಯಾಡ್ರಿ. ಎರಡು ಮಾರು ದೂರ, ಎದುರಿಗೆ ಎದಿ ಕೊಟ್ಟಲ್ಲ, ಸ್ವಲ್ಪ ಓರಿ. ಟಿವಿ ಬಂದ್ ಮಾಡ್ರಿ, ಸುತ್ತ ಕೂಡಿದ ಮಂದೀನ ಹಾಸಿಗಿಗೆ ಕಳಸ್ರಿ. ಮಾತಾಡಾವ್ರು ನೀವೊಬ್ರ ಇರಬೇಕು, ನಾಕು ಮಂದಿ ಸಮಾಧಾನ ಮಾಡಾಕ ಹೋದ್ರ ಬೆಂಕಿಗೆ ತುಪ್ಪಾ. ಅವ್ರಿಗೆ ಕಾಣೂದು ಸುಳ್ಳು ಅಂತ ವಾದಾ ಮಾಡಬ್ಯಾಡ್ರಿ, ಹೌದು ಅಂತನೂ ಅನಬ್ಯಾಡ್ರಿ. “ಅಂಜಿಕಿ ಆಗೇದಲ್ಲಾ, ನಾನು ಇಲ್ಲೇ ಅದೀನಿ, ನೀರು ಕುಡೀತೀರೇನು” ಅಷ್ಟ ಸಾಕು. ನೀರು ಪ್ಲಾಸ್ಟಿಕ್ ಲೋಟದಾಗ, ಸ್ಟೀಲಿನಾಗಲ್ಲ.

ಕೈಯಾಗ ಏನರ ಹಿಡದಾರ ಅಂದ್ರ ಉಳಿದವ್ರನ್ನ ಹೊರಗ ಕರಕೊಂಡು 112. ಕಸಗೊಳ್ಳಾಕ ಹೋಗಬ್ಯಾಡ್ರಿ. ಗದ್ದಲಾ ಇಲ್ಲ, ಆದ್ರ ಸಾಯ್ತೀನಿ ಅಂತ ಹೇಳಾಕತ್ತಾರ ಅಂದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಚ್ಚಿ ಕೊಡ್ರಿ, ಕನ್ನಡದಾಗ ಮಾತಾಡ್ತಾರ, ರಾತ್ರಿನೂ ಇರ್ತಾರ. ಅವ್ರ ಹಾಸಿಗಿ ನಿಮ್ಮ ಕುರ್ಚಿ ಹತ್ರ ಹಾಕ್ರಿ, ಹಗ್ಗ, ಫಿನಾಯಿಲ್ ಡಬ್ಬಿ ಒಳಗಿಟ್ಟು ಕೀಲಿ ಹಾಕ್ರಿ.

ಮತ್ತ ಸೇರೂ ಮೊದಲ ಮ್ಯಾನೇಜರ್ ಕಡೆ ಒಂದು ಬರದು ಇಸಗೋರಿ: ರಾತ್ರಿ ಒಬ್ಬರನ್ನ ಆಸ್ಪತ್ರಿಗೆ ಕರಕೊಂಡು ಹೋಗೂದು ಬಂದ್ರ ಉಳಿದ 49 ಮಂದೀನ ನೋಡಾಕ ಯಾರು ಬರ್ತಾರ, ಅವ್ರ ಫೋನ್ ನಂಬರ್ ಏನು. ಇದಕ್ಕ ಉತ್ತರಾ ಇಲ್ಲದ ಪಾಳಿ ಹತ್ತಬ್ಯಾಡ್ರಿ.