ಸಹಾಯ ಬೇಕು: ಅಡುಗೆಮನೆ ಕಪಾಟಿನ ಸನ್‌ಮೈಕಾ ಮೇಲೆ ಪೇಂಟ್ ನಿಲ್ಲುತ್ತಿಲ್ಲ
ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ನಮ್ಮದು ಹಳೇ ಮನೆ. ಅಡುಗೆಮನೆ ಕಪಾಟುಗಳಿಗೆ 20 ವರ್ಷ ದಾಟಿದೆ. ಪ್ಲೈವುಡ್ ಮೇಲೆ ಸನ್‌ಮೈಕಾ. ಹಲಗೆ ಇನ್ನೂ ಗಟ್ಟಿಯಾಗಿದೆ, ಹುಳ ಹಿಡಿದಿಲ್ಲ. ಅದನ್ನ ಸುಮ್ನೆ ಎಸೆಯೋಕೆ ಮನಸ್ಸಿಲ್ಲ, ಹೊಸದು ಮಾಡಿಸುವಷ್ಟು ದುಡ್ಡೂ ಇಲ್ಲ. 5,000 ರೂಪಾಯಿ ಒಳಗೆ ನಾನೇ ಪೇಂಟ್ ಮಾಡೋಣ ಅಂತ ಹೊರಟೆ.

ಮೊದಲು ಒಲೆ ಪಕ್ಕದ ಬಾಗಿಲು. ಒಗ್ಗರಣೆ ಜಿಡ್ಡು ಅಂಟಂಟಾಗಿ ಕೂತಿತ್ತು. ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ ಎರಡು ಸಲ ಉಜ್ಜಿದೆ. ಒಣಗಿದ ಮೇಲೆ ಉಪ್ಪುಕಾಗದದಲ್ಲಿ ತಿಕ್ಕಿ, ಒಂದು ಕೋಟ್ ವುಡ್ ಪ್ರೈಮರ್, ಎರಡು ಕೋಟ್ ಎನಾಮೆಲ್ ಹೊಡೆದೆ. ತುಂಬಾ ಚೆನ್ನಾಗಿ ಬಂತು. ವಾರ ಕಳೆದ ಮೇಲೆ ಹಿಡಿಕೆ ಹತ್ತಿರ ಉಗುರು ತಾಗಿತು ನೋಡಿ, ಪ್ರೈಮರ್ ಸಮೇತ ಪೇಂಟು ಹಾಲಿನ ಕೆನೆ ಥರ ಎದ್ದು ಬಂತು. ಕೆಳಗೆ ಸನ್‌ಮೈಕಾ ಹಾಗೇ ಹೊಳೆಯುತ್ತಿತ್ತು.

ಅಂಗಡಿಯವರು ಸನ್‌ಮೈಕಾ ಪೂರ್ತಿ ಕಿತ್ತುಬಿಡಿ ಅನ್ನುತ್ತಾರೆ. ಕಿತ್ತರೆ ಪ್ಲೈ ಪದರವೂ ಜೊತೆಗೆ ಬರುತ್ತೆ ಅಂತ ನನಗೆ ಭಯ. ಪೇಂಟರ್ ಒಬ್ಬರು ಪಿಯು (ಪಾಲಿಯುರೆಥೇನ್) ಪ್ರೈಮರ್ ಹಾಕಿದರೆ ಸಾಕು ಅಂದರು. ಇನ್ನೂ 11 ಬಾಗಿಲು ಬಾಕಿ ಇದೆ.

ಸನ್‌ಮೈಕಾ ಕೀಳದೆ ಪೇಂಟ್ ಮಾಡಿದವರು ಯಾರಾದರೂ ಇದ್ದೀರಾ? ಯಾವ ಪ್ರೈಮರ್ ಹಾಕಿದಿರಿ, ಎಷ್ಟನೇ ನಂಬರ್ ಉಪ್ಪುಕಾಗದದಲ್ಲಿ ತಿಕ್ಕಿದಿರಿ, ಒಲೆ ಹತ್ತಿರ ಈಗಲೂ ನಿಂತಿದೆಯಾ?